ಹಕಾರವಿಲ್ಲದ ಹಂಸ

ಜೋರು ಗಾಳಿ ಬೀಸಿದ ಮರುದಿನ ಎಲ್ಲರಿಗೂ ಕೊಂಬೆಯ ನೆನಪಾಗುತ್ತದೆ. ಮರದ ಕೊಂಬೆಯಲ್ಲ, ಮನುಷ್ಯ ಕೊಂಬೆ. ಉದ್ದಕ್ಕೆ, ತೆಳ್ಳಗೆ, ತಲೆಗೂದಲಲ್ಲಿ ಯಾವಾಗಲೂ ಒಂದೆರಡು ಎಲೆ ಸಿಕ್ಕಿಸಿಕೊಂಡೇ ಓಡಾಡುವ ಅವನಿಗೆ ಜನ ಇಟ್ಟ ಹೆಸರು ಅದು. ಕರೆಂಟ್ ತಂತಿಯ ಮೇಲೆ ವಾಲಿದ ಮರ, ಗೇಟಿಗೆ ಅಡ್ಡ ಬಿದ್ದ ಮರ, ಪಕ್ಕದ ಮನೆಯ ಗೋಡೆಗೆ ಒರಗಿ ಜಗಳ ತಂದಿಟ್ಟ ಮರ, ಯಾವುದಿದ್ದರೂ ಅವನೇ ಬಂದು ಕೊಯ್ಯಬೇಕು.

ಕೊಯ್ಯುವವನು ಅವನಾದರೆ ಕೊಯ್ದದ್ದನ್ನು ಇಳಿಸುವವಳು ಅವನ ಹೆಂಡತಿ. ಅವನು ಮೇಲೆ, ಅವಳು ಕೆಳಗೆ, ನಡುವೆ ಒಂದು ಹಗ್ಗ. ಕಡಿದ ರೆಂಬೆ ಯಾರ ತಲೆಯ ಮೇಲೂ ಬೀಳದಂತೆ, ಮಗುವನ್ನು ತೊಟ್ಟಿಲಿನಿಂದ ಇಳಿಸುವಂತೆ ಅವಳು ಇಳಿಸುತ್ತಾಳೆ. ಮನೆಯಲ್ಲೂ ಹಗ್ಗ ಯಾರ ಕೈಯಲ್ಲಿದೆ ಎಂದು ಜನ ಕೇಳಿದರೆ, ಕೊಂಬೆ ಸರಸರ ಮರ ಹತ್ತಿಬಿಡುತ್ತಾನೆ.

ಇಬ್ಬರಿಗೂ ಈ ಕೆಲಸ ಕಲಿಸಿದವನು ಅವಳ ಅಪ್ಪ, ಅಂದರೆ ಕೊಂಬೆಯ ಮಾವ. ಮರದ ವಿಷಯದಲ್ಲಿ ಮಾವನಿಗೆ ಬಾರದ್ದಿಲ್ಲ. ಬಾರದ್ದು ಒಂದೇ, ಹಕಾರ. ಹಾಲು ಅವನ ಬಾಯಲ್ಲಿ ಆಲು, ಹಲ್ಲು ಅಲ್ಲು, ಹಗ್ಗ ಅಗ್ಗ. "ಅಗ್ಗ ಗಟ್ಟಿ ಇರ್ಬೇಕು, ಅಲ್ಲು ಅರಿತ ಇರ್ಬೇಕು, ಆಮೇಲೆ ಮರ ಅತ್ತು" ಎಂಬುದು ಅವನ ಪಾಠ. ಮಗಳು ಅಪ್ಪನ ದನಿಯನ್ನೇ ಎರವಲು ಪಡೆದು, ಪಾಪ ಮರ ಯಾಕಪ್ಪಾ ಅಳ್ಬೇಕು ಎಂದು ಛೇಡಿಸುತ್ತಿದ್ದಳು. ಅವಳ ಗಂಟಲಲ್ಲಿ ಅಪ್ಪನಷ್ಟೇ ಅಲ್ಲ, ಬಸ್ಸಿನ ಹಾರ್ನು, ಶಾಲೆಯ ಮೇಷ್ಟ್ರು, ಕುಕ್ಕರಿನ ಸೀಟಿ ಎಲ್ಲವೂ ಬಾಡಿಗೆಗಿದ್ದವು.

ಅವರ ಮರ ಕೊಯ್ಯುವ ಯಂತ್ರ ಮಾವನ ಕಾಲದ್ದು. ಬೂದು ಮತ್ತು ನೇರಳೆ ಬಣ್ಣ, ಬದಿಯಲ್ಲಿ ಬಿಳಿ ಹಕ್ಕಿಯ ಚಿತ್ರ, ಕೆಳಗೆ 'ಹಂಸ' ಎಂಬ ಹೆಸರು. ದುಡಿದು ದುಡಿದು ಅದರ ಎಂಜಿನ್ ಸವೆದುಹೋಯಿತು. ರಿಪೇರಿ ಅಂಗಡಿಯ ಬೋಲ್ಟಕ್ಕ ಅದರ ಎದೆಬಡಿತ ಕೇಳಿ, ಇನ್ನು ಇದಕ್ಕೆ ಪಿಂಚಣಿ ಕೊಡು ಎಂದಳು.

ಹೊಸದು ಬೇಕಾಯಿತು. ಅಡುಗೆಮನೆಯ ಮೇಜಿನ ಸುತ್ತ ಮೂವರೂ ಕೂತರು. ಇನ್ನೊಂದು ಹಂಸವನ್ನೇ ತೆಗೆದುಕೊಳ್ಳಬೇಕೆಂದು ಮಾವ ಪಟ್ಟು ಹಿಡಿದ. ಕೊಂಬೆ ಫೋನನ್ನು ಮಾವನ ಬಾಯಿಯ ಹತ್ತಿರ ಹಿಡಿದು, ಬರೆಯೋದೇ ಬೇಡ, ಹೆಸರು ಹೇಳಿ ಸಾಕು ಎಂದ. ಮಾವ ಗಂಟಲು ಸರಿಮಾಡಿಕೊಂಡು, ವೇದಿಕೆಯ ಮೇಲೆ ನಿಂತವನಂತೆ "ಅಂಸ" ಎಂದ.

ಅಲ್ಲಿಯವರೆಗೆ ಮಾವ ಏನೇ ಹೇಳಿದರೂ 'ಮತ್ತೊಮ್ಮೆ ಹೇಳಿ' ಎನ್ನುತ್ತಿದ್ದ ಫೋನು ಆ ದಿನ ಮೊದಲ ಬಾರಿಗೆ ಅವನ ಮಾತು ಕೇಳಿತು. ಪರದೆಯ ಮೇಲೆ ಅದೇ ಬೂದು, ಅದೇ ನೇರಳೆ, ಅದೇ ಬಿಳಿ ಹಕ್ಕಿ. ಬೆಲೆ ಮಾತ್ರ ಅಂಗಡಿಯದಕ್ಕಿಂತ ಅರ್ಧಕ್ಕೂ ಕಡಿಮೆ. ಹೆಸರು 'ಅಂಸ' ಎಂದಿತ್ತು. ಬರೆದವನಿಗೂ ಮಾವನ ಹಾಗೆ ಹ ಬರುವುದಿಲ್ಲ ಎಂದು ಕೊಂಬೆ ನಕ್ಕ. ಮಾವನೂ ನಕ್ಕ.

ಹೆಂಡತಿ ನಗಲಿಲ್ಲ. ಅಷ್ಟು ಕಡಿಮೆಗೆ ಹೇಗೆ ಕೊಡ್ತಾರೆ ಎಂದು ಕೇಳಿದಳು. ಎಲ್ಲಾ ಒಂದೇ ಫ್ಯಾಕ್ಟರಿಯಲ್ಲಿ ಮಾಡೋದಂತೆ, ಅಂಗಡಿ ಬಾಡಿಗೆ ಇಲ್ಲ, ನಡುವೆ ದಲ್ಲಾಳಿ ಇಲ್ಲ, ಬರೀ ಹೆಸರಿಗೆ ನಾವ್ಯಾಕೆ ದುಡ್ಡು ಸುರಿಯಬೇಕು ಎಂದು ಕೊಂಬೆ ವಾದಿಸಿದ. ಕೊನೆಗೆ ಮಾವನ ತೀರ್ಪು ಕೇಳಿದರು.

"ಮೊದ್ಲು ಅಗ್ಗ ನೋಡಿ ತಗೊಳಪ್ಪ, ಅದೇ ಮುಖ್ಯ" ಎಂದ ಮಾವ.

ಹಳೆಯ ಹಗ್ಗ ಸವೆದಿದೆ, ಯಂತ್ರಕ್ಕಿಂತ ಮೊದಲು ಹೊಸ ಹಗ್ಗ ತಾ ಎಂಬುದು ಅವನ ಮಾತಿನ ಅರ್ಥ. ಕೊಂಬೆಗೆ ಕೇಳಿಸಿದ್ದೇ ಬೇರೆ. ಹಿರಿಯರೇ ಅಗ್ಗ ನೋಡು ಎಂದ ಮೇಲೆ ಇನ್ನೇನು, ಗುಂಡಿ ಒತ್ತಿಯೇ ಬಿಟ್ಟ. ಹೆಂಡತಿ ತನ್ನ ಪಾಡಿಗೆ ತಾನು ಹೋಗಿ ಹಗ್ಗ ತಂದಳು. ಹೀಗೆ ಆ ಮನೆಗೆ ಹಗ್ಗವೂ ಬಂತು, ಅಗ್ಗವೂ ಬಂತು.

ಡಬ್ಬ ಬಿಚ್ಚಿದಾಗ ಯಂತ್ರದ ಜೊತೆ ಒಂದು ಜೊತೆ ಕೈಗವಸು, ಒಂದು ಬಿಡಿ ಚೈನು ಉಚಿತವಾಗಿ ಸಿಕ್ಕವು. ಬಿಲ್ಲು ಇರಲಿಲ್ಲ. ಯಂತ್ರದ ಮೈಮೇಲೆ ಅದರ ನಂಬರು ಕೆತ್ತಿರಲಿಲ್ಲ. ಬಳಸುವ ವಿಧಾನ ಒಂದೇ ಹಾಳೆಯಲ್ಲಿ, ಯಾರಿಗೂ ತಿಳಿಯದ ಭಾಷೆಯಲ್ಲಿತ್ತು. ಆದರೆ ಸುಳ್ಳು ಯಾಕೆ ಹೇಳಬೇಕು, ಮೊದಮೊದಲು ಅದು ಚೆನ್ನಾಗಿಯೇ ಕೊಯ್ದಿತು. ಕೊಂಬೆಯ ಮೀಸೆ ತಾನಾಗಿಯೇ ಮೇಲೆದ್ದಿತು.

ಈ ಗಂಡ ಹೆಂಡತಿಯ ನಡುವೆ ಒಂದು ಸಂಜ್ಞೆಯಿತ್ತು. ಯಂತ್ರದ ಗದ್ದಲದಲ್ಲಿ ಕೂಗಿದರೆ ಕೇಳಿಸುವುದಿಲ್ಲವಲ್ಲ. ಒಂದು ತುಂಡು ಕೊಯ್ದಾದ ಮೇಲೆ ಕೊಂಬೆ ವೇಗ ಇಳಿಸಿ, ಮುಂದಿನ ಕೈ ಕಾಯುವ ಗಾರ್ಡನ್ನು ಮಣಿಕಟ್ಟಿನಿಂದ ಮುಂದಕ್ಕೆ ತಳ್ಳುತ್ತಿದ್ದ. ಅದು ಬ್ರೇಕು. 'ಟಕ್' ಎಂದರೆ ಚೈನು ನಿಂತಿತು ಎಂದರ್ಥ. ಹೆಂಡತಿಗೆ ಮಾತ್ರ ಆ ಟಕ್ ಎಂದರೆ 'ಬಾ'. ಟಕ್ ಕೇಳಿಸಿದೊಡನೆ ಅವಳು ಬಂದು ಬಗ್ಗಿ ಕೊಯ್ದ ತುಂಡನ್ನು ಎಳೆಯುವಳು. ಹಳೆಯ ಹಂಸ ಆ ಮಾತಿಗೆ ಒಂದು ದಿನವೂ ತಪ್ಪಿರಲಿಲ್ಲ.

ಆ ದಿನ ಶಾಲೆಯ ಅಂಗಳದಲ್ಲಿ ಬಿದ್ದ ಮರವನ್ನು ತುಂಡು ಮಾಡುತ್ತಿದ್ದರು. ಕೊಂಬೆ ಒಂದು ತುಂಡು ಕೊಯ್ದು ಗಾರ್ಡ್ ತಳ್ಳಿದ. ಟಕ್ ಎಂದಿತು. ಅವಳು ಬಂದು ಬಗ್ಗಿದಳು. ಅವಳ ಸೊಂಟದ ಪಕ್ಕದಲ್ಲಿ ಸುತ್ತಿದ ಹೊಸ ಹಗ್ಗ ಜೋತುಬಿದ್ದಿತ್ತು. ಮುಂದಿನ ತುಂಡು ಯಾವುದೆಂದು ತೋರಿಸಲು ಕೊಂಬೆ ಅವಳ ಕಡೆ ತಿರುಗಿದ. ಯಂತ್ರವೂ ಅವನ ಜೊತೆ ತಿರುಗಿತು.

ಬ್ರೇಕು ಟಕ್ ಎಂದಿತ್ತು, ಚೈನು ನಿಂತಿರಲಿಲ್ಲ.

ಹಗ್ಗದ ಎಳೆಗಳು ಗಾಳಿಗೆ ಹಾರಿದವು. ಅವಳ ಪ್ಯಾಂಟಿನ ಬಟ್ಟೆ ತೊಡೆಯ ಮೇಲೆ ಉದ್ದಕ್ಕೆ ಸೀಳಿತು. ಕೊಂಬೆ ಹೇಗೆ ಯಂತ್ರವನ್ನು ನಿಲ್ಲಿಸಿದನೋ ಅವನಿಗೇ ತಿಳಿಯದು. ಸೀಳಿನ ಒಳಗೆ ನೋಡಿದರೆ ಚರ್ಮಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಚೈನಿನ ಸಿಟ್ಟನ್ನು ಆ ದಪ್ಪ ಹಗ್ಗ ತಾನೇ ಉಂಡಿತ್ತು.

ಅವಳು ತುಂಡಾದ ಹಗ್ಗವನ್ನು ಸುತ್ತಿಕೊಂಡು ಎದ್ದಳು.

"ಅದು ಸುಳ್ಳು ಹೇಳ್ತು ಕಣ್ರೀ. ಬಾ ಅಂತು, ಬಂದೆ. ಇನ್ನು ಆ ಮಿಷನ್ ಇರೋ ಜಾಗದಲ್ಲಿ ನಾನು ಹಗ್ಗ ಹಿಡಿಯಲ್ಲ."

ಅವಳು ಹಿಡಿಯದಿದ್ದರೆ ಕೆಲಸವಿಲ್ಲ. ಬೇರೆಯವರ ಕೈಗೆ ಹಗ್ಗ ಕೊಟ್ಟು ಮೇಲೆ ಹತ್ತುವ ಧೈರ್ಯ ಕೊಂಬೆಗೂ ಇಲ್ಲ. ಮಾರಿದವರಿಗೆ ಫೋನು ಮಾಡಿದ. ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಒಂದು ಜೇನುದನಿ ಹೇಳಿತು, ಆಮೇಲೆ ಸಂಗೀತ ಹಾಕಿತು, ಆಮೇಲೆ ಸತ್ತಿತು. ಮಾರನೆಯ ದಿನ ನೋಡಿದರೆ ಆ ಅಂಗಡಿಯೇ ಫೋನಿನಿಂದ ಮಾಯ.

ಒಂದು ಸ್ಕ್ರೂ ತಿರುಗಿಸಿದರೆ ಸರಿಹೋದೀತು ಎಂಬ ಆಸೆಯಿಂದ ಕೊಂಬೆ ಹೊಸದನ್ನೂ ಹಳೆಯದನ್ನೂ ಬಗಲಲ್ಲಿಟ್ಟುಕೊಂಡು ಬೋಲ್ಟಕ್ಕನ ಅಂಗಡಿಗೆ ಹೋಗಿ ನಡೆದದ್ದನ್ನು ಹೇಳಿದ. ಅವಳು ಎರಡನ್ನೂ ಬೆಂಚಿನ ಮೇಲೆ ಅಕ್ಕಪಕ್ಕ ಮಲಗಿಸಿ ಬದಿಯ ಮುಚ್ಚಳ ಬಿಚ್ಚಿದಳು. ಹಳೆಯದರ ಒಳಗೆ ಬ್ರೇಕಿನ ಉಕ್ಕಿನ ಪಟ್ಟಿ ಇಷ್ಟು ವರ್ಷದ ಮೇಲೂ ಬಿಗಿಯಾಗಿತ್ತು. ಹೊಸದರ ಪಟ್ಟಿ ತಗಡಿನಂತೆ ತೆಳ್ಳಗೆ, ಆಗಲೇ ಬಿಸಿಗೆ ನೀಲಿಯಾಗಿ ಹಿಗ್ಗಿತ್ತು. ಕ್ಲಚ್ಚಿನ ಸ್ಪ್ರಿಂಗು ಸೋತು ಜೋಲುಬಿದ್ದಿತ್ತು. ಕೈ ಬಿಟ್ಟರೂ ಚೈನು ತೆವಳುತ್ತಿದ್ದುದು ಅದಕ್ಕೇ.

ಕೊಂಬೆ ಇನ್ನೂ ಸೋಲೊಪ್ಪಲಿಲ್ಲ. "ಎಲ್ಲಾ ಒಂದೇ ಫ್ಯಾಕ್ಟರಿಯಲ್ಲಿ ಮಾಡೋದಂತೆ ಅಕ್ಕ" ಎಂದ.

"ಅಂತೆ ಕಂತೆಗೆಲ್ಲ ಗ್ಯಾರಂಟಿ ಕಾರ್ಡ್ ಇರಲ್ಲಪ್ಪ" ಎಂದಳು ಬೋಲ್ಟಕ್ಕ. ಎಣ್ಣೆ ಹತ್ತಿದ ಬೆರಳನ್ನು ಹೊಸ ಯಂತ್ರದ ಹೆಸರಿನ ಮೇಲಿಟ್ಟಳು. "ಓದು. ಆಕಾರ ಹಂಸದ್ದೇ, ಹಕಾರ ಮಾತ್ರ ಇಲ್ಲ. ಅಕ್ಷರ ತಪ್ಪಿದ್ದಲ್ಲ ಇದು, ತಪ್ಪಿಸಿದ್ದು. ನಾಳೆ ಯಾರಾದ್ರೂ ಹಿಡಿದ್ರೆ, ನಾವು ಹಂಸ ಅಂದೇ ಇಲ್ವಲ್ಲ ಅನ್ನೋಕೆ."

ಆಮೇಲೆ ಅವಳು ಇನ್ನೊಂದು ವಿಷಯ ಹೇಳಿದಳು. ಅಲಗಿನ ಮೂತಿ ಮರಕ್ಕೆ ಆಕಸ್ಮಿಕವಾಗಿ ತಾಗಿದರೆ ಯಂತ್ರ ಹಿಂದಕ್ಕೆ ಚಿಮ್ಮಿ ನೇರ ಮುಖಕ್ಕೆ ಬರುತ್ತದೆ. ಒಳ್ಳೆಯ ಯಂತ್ರದಲ್ಲಿ ಆಗ ಕಣ್ಣು ಮಿಟುಕಿಸುವುದರೊಳಗೆ ಬ್ರೇಕು ಬಿದ್ದು ಚೈನು ನಿಲ್ಲುತ್ತದೆ. ಇದು ಕಣ್ಣು ಮಿಟುಕಿಸಿ, ಆಕಳಿಸಿ, ತಲೆ ಕೆರೆದುಕೊಂಡು, ಆಮೇಲೆ ನಿಲ್ಲೋಣವೇ ಎಂದು ಯೋಚಿಸುವ ಜಾತಿ. ಬೋಲ್ಟಕ್ಕ ಆ ಆಕಳಿಕೆಯನ್ನು ಮಾಡಿಯೂ ತೋರಿಸಿದಳು. ಕೊಂಬೆಗೆ ನಗು ಬರಲಿಲ್ಲ.

ಹಳೆಯದರ ಪಟ್ಟಿಯನ್ನೇ ಇದಕ್ಕೆ ಹಾಕಿದರೆ ಎಂದು ಕೇಳಿದ. ಅವಳು ಇಟ್ಟು ತೋರಿಸಿದಳು. ಕೂದಲೆಳೆಯಷ್ಟು ವ್ಯತ್ಯಾಸ, ಕೂರಲಿಲ್ಲ. ಇದರ ಬಿಡಿಭಾಗವೂ ಇದರಂತೆಯೇ ಸುಳ್ಳು, ಅದನ್ನು ಹಾಕಿ ನಿನ್ನ ಹೆಂಡತಿಯನ್ನು ಬಾ ಅಂತ ಕರೆಯೋ ಧೈರ್ಯ ನನಗಿಲ್ಲ ಎಂದಳು.

"ಹಾಗಾದ್ರೆ ಕಡಿಮೆ ಬೆಲೆದು ತಗೊಳ್ಳೋದೇ ತಪ್ಪಾ?"

"ಯಾರಪ್ಪ ಹಾಗಂದಿದ್ದು? ಸಣ್ಣ ಕಂಪನಿಗಳಿವೆ. ತಮ್ಮದೇ ಹೆಸರು ಇಟ್ಕೊಂಡು, ಅಂಗಡಿ ತೆರ್ಕೊಂಡು, ಕೆಟ್ಟರೆ ಬಿಡಿಭಾಗ ಕೊಡ್ತಾರೆ. ಅವನ್ನ ನಾನೇ ರಿಪೇರಿ ಮಾಡ್ತೀನಿ. ಇನ್ನೊಬ್ಬರ ಮುಖ ಹಾಕ್ಕೊಂಡು ಬರ್ತದಲ್ಲ, ಅದನ್ನ ನಂಬಬೇಡ. ಬೆಳ್ಳಗಿರೋದೆಲ್ಲ ಹಾಲಲ್ಲ."

ಹಂಸದ ಅಧಿಕೃತ ಅಂಗಡಿಯಲ್ಲಿ ಒಮ್ಮೆ ಬಳಸಿದ, ಕಂಪನಿಯವರೇ ಸರಿಪಡಿಸಿದ ಯಂತ್ರಗಳೂ ಬಿಲ್ಲು, ಗ್ಯಾರಂಟಿ ಸಮೇತ ಸಿಗುತ್ತವೆ ಎಂದೂ ತಿಳಿಸಿದಳು. ಆ ಸುದ್ದಿ ಹೊತ್ತು ಕೊಂಬೆ ಮನೆಗೆ ಬಂದ.

ಮನೆಯಲ್ಲಿ ವಿಚಾರಣೆ ನಡೆಯಿತು. ನೀವೇ ಅಂಸ ಅಂದದ್ದು ಎಂದು ಅಳಿಯ ಮಾವನ ಮೇಲೆ ಹಾಕಿದ.

"ನಾನು ಅಂಸ ಅಂದ್ರೆ ಅಂಸ ಅಂತಾನೇ ಅರ್ಥ. ಅಂಸ ಅಂತ ಅಲ್ಲ" ಎಂದು ಮಾವ ಖಡಾಖಂಡಿತವಾಗಿ ಹೇಳಿದ.

ಹಾಗಾದರೆ ಅಗ್ಗ ನೋಡು ಅಂದದ್ದು ಯಾಕೆ ಎಂದು ಅಳಿಯ ಕೇಳಿದ. ಮಾವ ಗೋಡೆಯ ಮೊಳೆಗೆ ನೇತುಹಾಕಿದ್ದ ತುಂಡು ಹಗ್ಗವನ್ನು ಬೆರಳು ಮಾಡಿ ತೋರಿಸಿದ. ಆಗ ಹೆಂಡತಿಗೆ ತಡೆಯಲಾಗಲಿಲ್ಲ. ಶಾಲೆಯ ಅಂಗಳದ ಘಟನೆಯ ನಂತರ ಮೊದಲ ಬಾರಿಗೆ ನಕ್ಕಳು. ಅಗ್ಗ ಹೋಗಿ ಹಗ್ಗ ಕೊಯ್ತು, ಹಗ್ಗ ನನ್ನ ಕಾಲು ಉಳಿಸ್ತು ಎಂದು ಅಪ್ಪನ ದನಿಯಲ್ಲಿ ಒಮ್ಮೆ, ಗಂಡನ ದನಿಯಲ್ಲಿ ಒಮ್ಮೆ ಹೇಳಿ ತೋರಿಸಿದಳು. ಗಂಡನ ದನಿಯಲ್ಲಿ ಹೇಳುವಾಗ ಕೊನೆಯ ಮಾತು ಸ್ವಲ್ಪ ನಡುಗಿತು. ಅದು ಅನುಕರಣೆಯಲ್ಲ ಎಂದು ಕೊಂಬೆಗೆ ಗೊತ್ತಾಯಿತು. ಅವನು ಎದ್ದು ಹೋಗಿ ಎಲ್ಲರಿಗೂ ಚಹಾಕ್ಕೆ ನೀರಿಟ್ಟ.

ಮೂವರೂ ಒಟ್ಟಿಗೆ ಅಧಿಕೃತ ಅಂಗಡಿಗೆ ಹೋದರು. ಬಳಸಿ ಸರಿಪಡಿಸಿದ ಒಂದು ಹಂಸ ಅವರ ಕೈಗೆಟುಕುವಂತಿತ್ತು. ಮೈಮೇಲೆ ನಂಬರು, ಬಿಲ್ಲಿನಲ್ಲೂ ಅದೇ ನಂಬರು. ಕೊಂಬೆ ಬಣ್ಣ ನೋಡಿದ, ಮಾವ ಹಕ್ಕಿ ನೋಡಿದ. ಹೆಂಡತಿ ಮಾತ್ರ, ಓಡಿಸಿ ತೋರಿಸಿ ಎಂದಳು. ಅಂಗಡಿಯವ ಹಿಂದಿನ ಅಂಗಳದಲ್ಲಿ ಯಂತ್ರ ಶುರು ಮಾಡಿದ. ಕೈ ಸಡಿಲಿಸಿದಾಗ ಎಂಜಿನ್ ಗುನುಗುತ್ತಿತ್ತು, ಚೈನು ಕದಲಲಿಲ್ಲ. ಪೂರ್ತಿ ವೇಗ ಕೊಟ್ಟು ಗಾರ್ಡ್ ತಳ್ಳಿದ. ಟಕ್. ಚೈನು ಅಲ್ಲೇ ಕಲ್ಲಾಯಿತು. ಅವಳು ಇನ್ನೊಮ್ಮೆ ಮಾಡಿಸಿದಳು, ಮತ್ತೂ ಒಮ್ಮೆ ಮಾಡಿಸಿದಳು. ಆಮೇಲೆ ಗಂಡನ ಕಡೆ ನೋಡಿ ತಲೆಯಾಡಿಸಿದಳು. ತೊಡೆಯನ್ನು ಕಾಯುವ ದಪ್ಪ ಪ್ಯಾಂಟನ್ನೂ ಗಂಡ ಹೆಂಡತಿಗೆ ಒಂದೊಂದರಂತೆ ಜೊತೆಗೇ ತೆಗೆದುಕೊಂಡರು.

ಅಷ್ಟಕ್ಕೇ ಕಥೆ ಮುಗಿಯಬೇಕಿತ್ತು. ಆದರೆ ಎದುರುಮನೆಯ ಪೇಂಟರ್ ಬಂದ. ಆ ಹೊಸ ಮಿಷನ್ ಸುಮ್ಮನೆ ಬಿದ್ದಿದೆಯಂತಲ್ಲ, ಮನೆಗೆ ಸೌದೆ ಕೊಯ್ಯಲು ಸಾಕು, ಕೊಟ್ಟುಬಿಡು, ಇಷ್ಟಿಷ್ಟು ಕೊಡ್ತೀನಿ ಎಂದ. ಕೊಂಬೆಯ ಮನಸ್ಸು ಒಂದು ಕ್ಷಣ ಅತ್ತ ವಾಲಿತು. ಒಳಗೆ ಬಂದು ಹೆಂಡತಿಯ ಕಿವಿಯಲ್ಲಿ, ಅವನು ಯಾವಾಗಲೋ ಒಮ್ಮೆ ಬಳಸೋದು ತಾನೇ ಎಂದ.

"ಅವನ ಕಾಲು ಅಗ್ಗನಾ?" ಎಂದಳು ಅವಳು.

ಕೊಂಬೆ ಹೊರಗೆ ಹೋದ. ಪೇಂಟರನ್ನು ಕೂರಿಸಿ, ನಾಚಿಕೆ ಬಿಟ್ಟು, ನಡೆದದ್ದನ್ನೆಲ್ಲ ಹೇಳಿದ. ಸೌದೆ ನಾನೇ ಬಂದು ಕೊಯ್ದು ಕೊಡ್ತೀನಿ ಎಂದ. ಆಮೇಲೆ ಇಬ್ಬರೂ ಸೇರಿ ಆ ಯಂತ್ರವನ್ನು ಬೋಲ್ಟಕ್ಕನ ಅಂಗಡಿಗೆ ಒಯ್ದರು. ಅವಳು ಪೆಟ್ರೋಲು ಬಸಿದು, ಚೈನು ಕತ್ತರಿಸಿ, ಇನ್ನೆಂದೂ ಯಾರ ಕೈಯಲ್ಲೂ ಓಡದಂತೆ ಎಂಜಿನ್ನನ್ನು ಒಡೆದು ಗುಜರಿಗೆ ಹಾಕಿದಳು.

ಓದುವವರೇ, ಕೇಳುವವರೇ, ಮರ ಕೊಯ್ಯುವ ಯಂತ್ರ ಕೊಳ್ಳುವ ಮುಂಚೆ ಅದರ ಹೆಸರನ್ನು ಅಕ್ಷರ ಅಕ್ಷರ ಓದಿ. ಬಣ್ಣ ನೋಡಿ ಬೀಳಬೇಡಿ. ಮೈಮೇಲೆ ನಂಬರು, ಕೈಯಲ್ಲಿ ಬಿಲ್ಲು, ಕೆಟ್ಟರೆ ಹೋಗಲು ಒಂದು ಅಂಗಡಿ, ಈ ಮೂರೂ ಇದ್ದರೆ ಮಾತ್ರ ದುಡ್ಡು ಬಿಚ್ಚಿ. ಕೈ ಸಡಿಲಿಸಿದಾಗ ಚೈನು ನಿಲ್ಲಬೇಕು, ಬ್ರೇಕು ತಳ್ಳಿದ ಕೂಡಲೇ ನಿಲ್ಲಬೇಕು. ಅದನ್ನು ಅಂಗಡಿಯಲ್ಲೇ ಓಡಿಸಿ ತೋರಿಸಿ ಎಂದು ಕೇಳಿ, ಸಂಕೋಚ ಬೇಡ. ಹೊಸದು ದುಬಾರಿಯಾದರೆ ಅಧಿಕೃತ ಅಂಗಡಿಯ ಹಳೆಯದನ್ನು ವಿಚಾರಿಸಿ.

ನಿಮ್ಮ ಮನೆಯ ಮೂಲೆಯಲ್ಲಿ ಅಂಥದ್ದೊಂದು ಆಗಲೇ ಬಂದು ಕೂತಿದ್ದರೆ ನಾವು ಬೈಯುವುದಿಲ್ಲ, ನಗುವುದೂ ಇಲ್ಲ. ಅದನ್ನು ಇನ್ನೊಬ್ಬರಿಗೆ ದಾಟಿಸಬೇಡಿ, ಅಷ್ಟೇ. ನಾಳೆ ಬೆಳಿಗ್ಗೆ ಅದನ್ನು ಶುರು ಮಾಡುವ ಬದಲು ಹತ್ತಿರದ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋಗಿ, ಮುಚ್ಚಳ ಬಿಚ್ಚಿಸಿ ಒಳಗೆ ನೋಡಿ. ಕೊಯ್ಯಬೇಕಾದ ಮರ ಒಂದು ದಿನ ಕಾಯುತ್ತದೆ.