ಸಾಹೇಬರ ಮೇಜಿಗೆ ಹೋಮ್, ಸುನಂದಳ ಮೇಜಿಗೆ ಪ್ರೊ

ಸುಗಟೂರಿನ ರಹಮತ್ತುಲ್ಲಾ ಸಾಹೇಬರ ಸಸಿ ನರ್ಸರಿಗೆ ಒಳ್ಳೆಯದು ಏನೇ ಬಂದರೂ ಮೊದಲು ಸಾಹೇಬರ ಮೇಜಿಗೆ ಹೋಗಬೇಕು. ಹೊಸ ಫ್ಯಾನು ಬಂದರೆ ಅವರ ತಲೆಯ ಮೇಲೆ, ಮೆತ್ತನೆ ಕುರ್ಚಿ ಬಂದರೆ ಅವರ ಕೆಳಗೆ. ಯಾರೋ ಮಾಡಿದ ಕಾನೂನಲ್ಲ ಅದು, ಹಿರಿಯರಿಗೆ ಕೊಡುವ ಮರ್ಯಾದೆ. ಹಾಗಾಗಿ ಕಂಪ್ಯೂಟರಿಗೆ ಹಾಕುವ ವಿಂಡೋಸಿನಲ್ಲಿ ಹೋಮ್ ಅಂತ ಒಂದು, ಪ್ರೊ ಅಂತ ಇನ್ನೊಂದು, ಪ್ರೊ ದೊಡ್ಡದು ಎಂದು ತಿಳಿದ ಮೇಲೆ ಅದು ಯಾರ ಕಂಪ್ಯೂಟರಿಗೆ ಹೋಗಬೇಕೆಂಬ ಪ್ರಶ್ನೆಯೇ ಯಾರಿಗೂ ಏಳಲಿಲ್ಲ.

ಎದ್ದದ್ದು ಅಂಜಿಗೆ.

ಅಂಜಿ ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ. ಹಾಳಾದ ಮಷೀನುಗಳನ್ನು ಬಿಚ್ಚಿ ಬಿಚ್ಚಿಯೇ ವಿದ್ಯೆ ಕಲಿತಿದ್ದ. ಕೋಪ ಮಾತ್ರ ಯಾರೂ ಕಲಿಸದೆಯೇ ಬಂದಿತ್ತು. ನರ್ಸರಿಯ ಕೆಲಸ ಸಿಕ್ಕರೆ ಸುಗಟೂರು, ಕೋಲಾರ ಎರಡೂ ಕಡೆಯ ಮಷೀನುಗಳು ಇನ್ನು ಅವನ ಕೈಗೆ. ಅದಕ್ಕಿಂತ ದೊಡ್ಡದು, ಕೋಲಾರದ ಕಂಪ್ಯೂಟರ್ ಅಂಗಡಿಯ ವೆಂಕಟ್‌ನ ಎದುರಿಗೇ ಆ ಕೆಲಸ ಸಿಗುವುದು. ವೆಂಕಟ್ ಬಿ.ಇ. ಮಾಡಿದವನು, ಎಲ್ಲಿ ಸಿಕ್ಕರೂ ಅಂಜಿಯ ಎಂಟನೇ ಕ್ಲಾಸನ್ನು ಎತ್ತದೆ ಬಿಟ್ಟವನಲ್ಲ. ಆ ದಿನ ಸಾಹೇಬರು ಇಬ್ಬರನ್ನೂ ಒಟ್ಟಿಗೇ ಕರೆಸಿದ್ದರು.

ಬೇಕಾಗಿದ್ದ ಕೆಲಸ ಇಷ್ಟು. ಟೊಮೆಟೊ ಸಸಿ ಬೇಕಾದ ರೈತರು ಹೆಸರು ಬರೆಸುವುದು ನರ್ಸರಿಯ ಕೋಲಾರದ ಆಫೀಸಿನಲ್ಲಿ, ಅಲ್ಲಿ ಕೆಲಸಕ್ಕಿರುವ ಹುಡುಗಿ ಸುನಂದಳ ಹತ್ತಿರ. ಆ ಪಟ್ಟಿ ಇರುವುದು ಅವಳ ಕಂಪ್ಯೂಟರಿನಲ್ಲಿ. ಸಸಿ ಒಯ್ಯಲು ರೈತರು ಬರುವುದು ಸುಗಟೂರಿಗೆ, ಬೆಳಗಿನ ಐದಕ್ಕೇ. ಆಗ ಸಾಹೇಬರು ಮಲಗಿದ್ದ ಸುನಂದಳನ್ನು ಫೋನಿನಲ್ಲಿ ಎಬ್ಬಿಸಿ, ಯಾರಿಗೆ ಎಷ್ಟು ಟ್ರೇ ಸಸಿ ಎಂದು ಕೇಳಬೇಕು. ಇನ್ನು ಮೇಲೆ ಅವರು ಇಲ್ಲಿ ಕೂತೇ ಅಲ್ಲಿಯ ಕಂಪ್ಯೂಟರ್ ತೆಗೆದು ನೋಡಬೇಕು. ಅದಕ್ಕೆಂದೇ ಹೊಸದಾಗಿ ಎರಡು ಬಂದಿದ್ದವು: ಸಾಹೇಬರಿಗೆ ಲ್ಯಾಪ್‌ಟಾಪು, ಸುನಂದಳಿಗೆ ದೊಡ್ಡ ಮಷೀನು. ಎರಡರಲ್ಲೂ ಇದ್ದದ್ದು ಹೋಮ್. ಒಂದನ್ನು ಪ್ರೊ ಮಾಡಿಸುವುದೆಂದು ಮಾತಾಗಿತ್ತು.

"ನನ್ನದಕ್ಕೆ ಹಾಕಪ್ಪ ಪ್ರೊ. ಹುಡುಗಿಗೆ ಹೋಮ್ ಸಾಕು," ಎಂದರು ಸಾಹೇಬರು.

"ಕರೆಕ್ಟ್ ಸಾರ್, ಓನರ್ ಮಷೀನಿಗೆ ಪ್ರೊನೇ ಇರ್ಬೇಕು," ಎಂದ ವೆಂಕಟ್.

"ತಪ್ಪು ಸಾಹೇಬ್ರೇ," ಎಂದ ಅಂಜಿ.

ಸಸಿ ಟ್ರೇಗಳಿಗೆ ಮಣ್ಣು ತುಂಬುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು. ಸಾಹೇಬರಿಗೆ ತಪ್ಪು ಎಂದವರನ್ನು ಅವರು ಇಲ್ಲಿಯವರೆಗೆ ಕಂಡಿರಲಿಲ್ಲ.

"ಏನ್ಲಾ ಅಂಜಿ, ಕ್ಲಾಸು ಎಂಟು, ಮಾತು ಎಂಬತ್ತು?" ವೆಂಕಟ್ ನಕ್ಕ. ಆಮೇಲೆ ಅವನನ್ನು ಪಕ್ಕಕ್ಕೆ ಎಳೆದು ಪಿಸುಗುಟ್ಟಿದ: "ನಂಗೂ ಗೊತ್ತು ಕಣೋ. ದೊಡ್ಡೋರು ಕೇಳಿದ್ದು ಕೊಡೋದು. ನಾಳೆ ಆಗ್ಲಿಲ್ಲ ಅಂತಾರೆ, ಆಗ ಸುನಂದಂದಕ್ಕೂ ಒಂದು ಪ್ರೊ ಮಾರೋದು. ಸುಮ್ನಿರು."

ಅಂಜಿಯ ಕಿವಿ ಬಿಸಿಯಾಯಿತು. ಗೊತ್ತಿಲ್ಲದೆ ಹೇಳಿದ್ದರೆ ಬಿಡಬಹುದಿತ್ತು. ಓದಿ, ಗೊತ್ತಿದ್ದೂ ಹೀಗಾ?

ಸಾಹೇಬರು ಗಡ್ಡ ನೀವಿಕೊಂಡರು. "ನೋಡು ಬೇಟಾ. ವೆಂಕಟ್ ದುಬಾರಿ, ನೀನು ಹತ್ತಿರದವನು. ಪ್ರೊ ನನ್ನದಕ್ಕೆ ಹಾಕು, ಕೆಲಸ ನಿಂದೇ. ಮಾತು ಬೇಡ."

ಕೆಲಸ ಕೈಗೆ ಬಂದು ಕೂತಿತ್ತು. ಹೂಂ ಅಂದರೆ ಮುಗಿಯಿತು, ವೆಂಕಟ್ ಬೈಕ್ ಹತ್ತಿ ಹೊರಡುತ್ತಿದ್ದ.

"ನಾನು ಹಾಕಲ್ಲ," ಎಂದ ಅಂಜಿ. ದನಿ ತಾನಾಗಿಯೇ ಏರಿತು. "ಬೇಕಾದ್ರೆ ಇವ್ನ ಕೈಲಿ ಹಾಕಿಸ್ಕೊಳ್ಳಿ. ನಾಳೆ ಬೆಳಿಗ್ಗೆ ಐದಕ್ಕೆ ಕೋಲಾರದ ಮಷೀನು ಬಾಯಿ ಬಿಡಲ್ಲ, ನೀವು ಮತ್ತೆ ಸುನಂದನ್ನ ಎಬ್ಬಿಸ್ತೀರ. ಸಾಹೇಬ್ರೇ, ಟೊಮೆಟೊ ತೂಗೋಕೆ ನೀವು ಮಂಡಿಗೆ ಹೋಗ್ತೀರ. ತಕ್ಕಡಿ ಮಂಡೀಲಿರ್ಬೇಕಾ, ನಿಮ್ಮ ಜೇಬಲ್ಲಾ?"

ಹೆಂಗಸರಲ್ಲಿ ಒಬ್ಬಳು ಕಿಸಕ್ಕೆಂದಳು. ಸಾಹೇಬರು ನಗಲಿಲ್ಲ. "ತೋರ್ಸು," ಎಂದರು.

ಅಂಜಿ ಅವರ ಲ್ಯಾಪ್‌ಟಾಪನ್ನು ಎಳೆದುಕೊಂಡ. ತನ್ನ ಅಂಗಡಿಯ ಮಷೀನು ಪ್ರೊ. ಅದಕ್ಕೆ ಹೊರಗಿನಿಂದ ಬರುವ ದಾರಿಯನ್ನು ಅವನು ಎಂದೋ ಜೋಡಿಸಿಟ್ಟಿದ್ದ. ಐದು ನಿಮಿಷದಲ್ಲಿ ಶ್ರೀನಿವಾಸಪುರದ ಪರದೆ ಸುಗಟೂರಿನ ಮೇಜಿನ ಮೇಲೆ ಬಂದು ನಿಂತಿತು. "ನೋಡಿ, ನಿಮ್ದು ಹೋಮೇ. ಬೇರೆ ಮಷೀನಿಗೆ ಹೋಗಿ ನೋಡೋಕೆ ಹೋಮ್ ಸಾಕು. ಒಳಗೆ ಬಿಟ್ಕೊಳ್ಳೋದಕ್ಕೇ ಪ್ರೊ ಬೇಕು." ಆಮೇಲೆ ಅದೇ ಲ್ಯಾಪ್‌ಟಾಪಿನ ಸೆಟ್ಟಿಂಗ್ಸ್ ತೆಗೆದು, ಬೇರೆಯವರನ್ನು ಒಳಗೆ ಬಿಡುವ ಜಾಗ ತೋರಿಸಿದ. ಹೋಮಿನಲ್ಲಿ ಆ ಸೌಕರ್ಯವಿಲ್ಲ ಎಂದು ಅಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. "ಇದನ್ನ ನೀವೇ ಓದಿ ಹೇಳಿ ಬಿ.ಇ. ಸಾಹೇಬ್ರೇ. ನಾನು ಎಂಟನೇ ಕ್ಲಾಸು."

ವೆಂಕಟ್ ಓದಿದ. ಓದುವಾಗ ಅವನ ದನಿ ಸಣ್ಣಗಾಯಿತು.

ಸಾಹೇಬರು ಲ್ಯಾಪ್‌ಟಾಪನ್ನು ಮುಚ್ಚಿದರು. ಹುಡುಗಿಯ ಮೇಜಿಗೆ ದೊಡ್ಡದು, ತಮ್ಮದಕ್ಕೆ ಚಿಕ್ಕದು. ಅದನ್ನು ನುಂಗುವುದು ಅವರಿಗೆ ಕಷ್ಟವೆಂದು ಅಂಜಿಗೂ ಕಾಣುತ್ತಿತ್ತು. ಕೊನೆಗೆ ಎದ್ದು, "ಕೋಲಾರಕ್ಕೆ ಹೋಗು. ಸುನಂದಂದಕ್ಕೇ ಹಾಕು," ಎಂದು ಒಳಗೆ ಹೋದರು.

ಅಂದೇ ಕೋಲಾರಕ್ಕೆ ಹೋಗಿ ಪ್ರೊ ಹಾಕಿ, ಹೊರಗಿನಿಂದ ಬರುವ ದಾರಿ ಜೋಡಿಸಿ, ಮಷೀನನ್ನು ಆರಿಸದೆ ಬಿಟ್ಟು ಬಂದ ಅಂಜಿ, ಮರುದಿನ ಬೆಳಿಗ್ಗೆ ಐದಕ್ಕೆ ತಾನೇ ನರ್ಸರಿಗೆ ಬಂದು ನಿಂತ. ಯಲ್ದೂರಿನ ಸೊಣ್ಣಪ್ಪ ಟ್ರಾಕ್ಟರ್ ನಿಲ್ಲಿಸಿ, "ನಮ್ದು ಎಷ್ಟಿದೆ ಸಾಹೇಬ್ರೇ?" ಎಂದ. ಸಾಹೇಬರು ಅಂಜಿ ಹೇಳಿಕೊಟ್ಟ ಹಾಗೆ ಒತ್ತಿದರು. ಕೋಲಾರದ ಪಟ್ಟಿ ಅವರ ಮುಂದೆ ಬಿಚ್ಚಿಕೊಂಡಿತು.

"ಸೊಣ್ಣಪ್ಪ, ಅರವತ್ತು ಟ್ರೇ," ಎಂದು ಅವರು ಮಂಡಿಯಲ್ಲಿ ಹರಾಜು ಕೂಗಿದ ಹಾಗೆ ಕೂಗಿದರು. ಆಮೇಲೆ ಕುರ್ಚಿಗೆ ಒರಗಿ ಸೊಣ್ಣಪ್ಪನಿಗೆ ಹೇಳಿದರು: "ನೋಡಯ್ಯ, ದೊಡ್ಡದನ್ನ ಕೋಲಾರದಲ್ಲೇ ಇಡ್ಸಿದೀನಿ. ತಕ್ಕಡಿ ಮಂಡೀಲಿರ್ಬೇಕು, ಜೇಬಲ್ಲಲ್ಲ. ಗೊತ್ತಾಯ್ತಾ?"

ಅಂಜಿಗೆ ಕೋಪ ನೆತ್ತಿಗೇರಿತು. "ಅದು ನಾನು ಹೇಳಿದ್ದು ಸಾಹೇಬ್ರೇ!"

ಸೊಣ್ಣಪ್ಪ ಗಾಬರಿಯಾಗಿ ಇಬ್ಬರನ್ನೂ ನೋಡಿದ. ಸಾಹೇಬರು ಹೊಟ್ಟೆ ಕುಣಿಸಿ ನಕ್ಕರು.

"ಹೌದಪ್ಪ, ಇವ್ನೇ ಹೇಳಿದ್ದು. ಅಂಜಿ, ಎಂಟನೇ ಕ್ಲಾಸು, ಇನ್ಮೇಲೆ ನಮ್ಮ ಎರಡೂ ಕಡೆ ಮಷೀನು ಇವನ್ದೇ. ಆದ್ರೆ ಕೇಳಿ ಒಪ್ಕೊಂಡಿದ್ದು ನಾನು ಬೇಟಾ. ಈ ವಯಸ್ಸಲ್ಲಿ ಅದೂ ಸುಲಭ ಇಲ್ಲ."

ಅಂಜಿ ಸೊಣ್ಣಪ್ಪನ ಜೊತೆ ಹೋಗಿ, ಎದೆಯುಬ್ಬಿಸಿಕೊಂಡು, ಅರವತ್ತು ಟ್ರೇಗಳನ್ನೂ ಟ್ರಾಕ್ಟರಿಗೆ ಏರಿಸಿಕೊಟ್ಟ.