ಗದಿಗೆಪ್ಪ ಇವತ್ತೂ ಬಂದಿಲ್ಲ

"ಮೆಷೀನು ನೀನು ಬಂದಿಲ್ಲ ಅಂತಿದೆಯಲ್ಲಯ್ಯಾ," ಎಂದರು ಪ್ರಭಾ ಮೇಡಂ, ಎರಡೇ ಅಡಿ ದೂರದಲ್ಲಿ ನಿಂತಿದ್ದ ಗದಿಗೆಪ್ಪನ ಮುಖವನ್ನೇ ನೋಡುತ್ತ.

"ಬಂದೀನಲ್ರೀ ಮೇಡಂ. ನಿಮ್ಮ ಮುಂದನ ನಿಂತೀನಿ."

"ಅದು ನಂಗೂ ಕಾಣ್ಸುತ್ತೆ. ನಂಗೆ ಕಂಡ್ರೆ ಏನು ಬಂತು? ಸಿಸ್ಟಮ್ಮಿಗೆ ಕಾಣ್ಬೇಕು. ಇನ್ನೊಂದ್ಸಲ ಒತ್ತು. ಏಯ್, ಮೊದ್ಲು ಕೈಗೆ ಸ್ಯಾನಿಟೈಜರ್ ಹಾಕ್ಕೋ. ಆ ಮೆಷೀನನ್ನ ನಾವೂ ಮುಟ್ಬೇಕು."

ಗದಿಗೆಪ್ಪ ಹಾಕಿಕೊಂಡ. ಬಿರಿದ ಹೆಬ್ಬೆರಳಿಗೆ ಅದು ಸೋಕಿದ್ದೇ ತಡ, ಕಣ್ಣಲ್ಲಿ ನೀರು ಚಿಮ್ಮಿತು. ಹಲ್ಲು ಕಚ್ಚಿ ಒತ್ತಿದ. ಗೋಡೆಯ ಮೇಲಿನ ಹಾಜರಿ ಯಂತ್ರ ಕೆಂಪು ದೀಪ ಹೊತ್ತಿಸಿ ಕೀಂ ಎಂದಿತು.

"ನೋಡು, ಅದೇ ಹೇಳ್ತಿದೆ. ಗದಿಗೆಪ್ಪ ಇವತ್ತೂ ಬಂದಿಲ್ಲ. ಇದು ನಾಲ್ಕನೇ ದಿನ. ಐದು ದಿನ ಬರ್ದೇ ಇದ್ರೆ ಕೆಲ್ಸ ಬಿಟ್ಟು ಓಡಿಹೋದ ಅಂತ ವೀಸಾದವರಿಗೆ ನಾನು ಲೆಟರ್ ಹಾಕ್ಲೇಬೇಕು. ರೂಲು. ಆಮೇಲೆ ಅರವತ್ತು ದಿನದಲ್ಲಿ ನೀನು, ನಿನ್ನ ಹೆಂಡ್ತಿ, ಮಗಳು, ಎಲ್ಲ ಪ್ಯಾಕಪ್. ನಾಳೆಯಾದ್ರೂ ಬಾಪ್ಪಾ, ಪ್ಲೀಸ್."

"ಹಂಗಾರ ಇವತ್ತ ಮನಿಗೆ ಹೋಗ್ಲ್ಯಾ ಮೇಡಂ? ಹೆಂಗೂ ಬಂದಿಲ್ಲ ನಾ."

"ಮನೆಗಾ? ಕೆಲ್ಸ ಯಾರಪ್ಪ ಮಾಡ್ತಾರೆ?"

ನಗುವವರು ನಗಲಿ, ಇದರಲ್ಲಿ ಒಂದು ಚಿಟಿಕೆ ಉಪ್ಪುಖಾರವನ್ನೂ ಮೇಲಿಂದ ಉದುರಿಸಿಲ್ಲ. ಅಮೆರಿಕಾದ ಎಲ್ಕ್ ಗ್ರೋವ್ ವಿಲೇಜಿನ ಆ ಶೆಡ್ಡಿನಲ್ಲಿ ಮನುಷ್ಯ ಬರುವುದೇ ಬೇರೆ, ಬಂದನೆನಿಸಿಕೊಳ್ಳುವುದೇ ಬೇರೆ. ಕನ್ನಡ ಕೂಟದ ಯುಗಾದಿಯಲ್ಲಿ ಎಲ್ಲರಿಗೂ ಆಂಟಿಯಾಗಿದ್ದ ಪ್ರಭಾ ಶೆಡ್ಡಿನ ಹೊಸಿಲು ದಾಟಿದೊಡನೆ ಹಾಜರಿ, ವೀಸಾ ನೋಡಿಕೊಳ್ಳುವ ಮೇಡಂ ಆಗುತ್ತಿದ್ದರು. ಗದಗಿನ ಕಡೆಯಿಂದ ಕ್ವಾಲಿಟಿ ಇಂಜಿನಿಯರ್ ಎಂಬ ಕಾಗದ ಹಿಡಿದು ಬಂದಿದ್ದ ಗದಿಗೆಪ್ಪ ಅದೇ ಹೊಸಿಲು ದಾಟಿ ಸ್ಟಿಕ್ಕರ್ ಕೀಳುವವನಾಗಿದ್ದ.

ಆ ಸ್ಟಿಕ್ಕರಿನ ಕಥೆಯೂ ಕೇಳುವಂಥದ್ದೇ. ಶೆಡ್ಡಿನಲ್ಲಿ ಸಾಲಾಗಿ ನಿಂತಿದ್ದ ಅರವತ್ತು ಕಂಟ್ರೋಲ್ ಪ್ಯಾನೆಲ್ಲುಗಳು, ಅಂದರೆ ಬೀರುವಿನೆತ್ತರದ ಕಬ್ಬಿಣದ ಪೆಟ್ಟಿಗೆಗಳು, ನಿಜಕ್ಕೂ ಬಂದದ್ದು ಚೀನಾದಿಂದ. ಹೋದ ವರ್ಷ ಒಬ್ಬ ಅಮೆರಿಕನ್ ಗಿರಾಕಿಗೆಂದು ಮಾಲೀಕ ರಘೋತ್ತಮ ಅವುಗಳ 'ಮೇಡ್ ಇನ್ ಚೈನಾ' ಸ್ಟಿಕ್ಕರಿನ ಮೇಲೆ 'ಮೇಡ್ ಇನ್ ಯುಎಸ್ಎ' ಹಚ್ಚಿಸಿದ್ದರು. ಗಿರಾಕಿ ಕೈಕೊಟ್ಟ. ಈ ವರ್ಷ ಆಫ್ರಿಕಾದಲ್ಲೊಂದು ಗ್ಯಾಸಿನ ವಿದ್ಯುತ್ ಸ್ಥಾವರ ಏಳುತ್ತಿತ್ತು. ಅದಕ್ಕೆ ಸಾಲ ಕೊಡುತ್ತಿದ್ದದ್ದು ಚೀನಾದ ಒಂದು ಬ್ಯಾಂಕು. ಅರ್ಧಕ್ಕಿಂತ ಹೆಚ್ಚು ಸಾಮಾನು ಚೀನಾದ್ದೇ ಆಗಿರಬೇಕೆಂಬುದು ಆ ಸಾಲದ ಷರತ್ತು. ಪ್ಯಾನೆಲ್ಲುಗಳು ಡೆಟ್ರಾಯಿಟ್ ಬಳಿಯ ಕಾರ್ಖಾನೆಗೆ ಹೋಗಿ, ಅಲ್ಲಿಯ ಗ್ಯಾಸ್ ಎಂಜಿನ್ನುಗಳ ಜೊತೆ ಹಡಗು ಹತ್ತಬೇಕಿತ್ತು.

"ಸೀ, ಬೇಸಿಕಲಿ," ಎಂದು ರಘೋತ್ತಮ ಹದಿಮೂರು ಜನ ಕೆಲಸಗಾರರನ್ನೂ ಸಾಲಾಗಿ ನಿಲ್ಲಿಸಿ ಬೋಧಿಸಿದ್ದರು, "ಕರೆಂಟು ಆಫ್ರಿಕಾದ್ದು, ದುಡ್ಡು ಚೈನಾದ್ದು, ಅಡ್ರೆಸ್ಸು ಅಮೆರಿಕಾದ್ದು, ತಲೆ ಮೈಸೂರಿಂದು. ದಿಸ್ ಈಸ್ ಗ್ಲೋಬಲೈಸೇಷನ್."

"ಹೆಬ್ಬಟ್ಟ ಮಾತ್ರ ಗದಗಿಂದು," ಎಂದು ಗದಿಗೆಪ್ಪ ಗೊಣಗಿದ್ದ.

ಪಕ್ಕದಲ್ಲಿ ಕೀಳುತ್ತಿದ್ದ ವಿಜಯಪುರದ ಕಲೀಮ್ ಎರಡನೆಯ ದಿನವೇ ಒಂದು ಸಂಗತಿ ಕಂಡುಹಿಡಿದ. "ಸರ್, ಯುಎಸ್ಎ ಕಿತ್ರ ಕೆಳಗ ಚೈನಾ ಹಂಗ ಐತ್ರೀ. ಖರೇ ಖರೇ ಚೈನಾ. ಅಲ್ಲಿಗೇ ಬಿಟ್ಟಬಿಡೋಣಲ್ರೀ?"

"ಅದು ಹಳೇ ಚೈನಾ ಕಣಯ್ಯ, ಮಾಸಿಹೋಗಿದೆ," ಎಂದರು ರಘೋತ್ತಮ. "ಬ್ಯಾಂಕಿಗೆ ಹೊಸ ಚೈನಾ ಬೇಕು. ತಗಡು ಕಾಣೋವರ್ಗೂ ಕಿತ್ತು ಫ್ರೆಶ್ಶಾಗಿ ಅಂಟ್ಸಿ."

ಹೀಗೆ ಸುಳ್ಳನ್ನು ಕಿತ್ತು, ಅದರಡಿಯ ನಿಜವನ್ನೂ ಕಿತ್ತು, ಅದೇ ನಿಜದ ನಕಲನ್ನು ಮತ್ತೆ ಅಂಟಿಸುವ ಕೆಲಸ ಮೂರು ವಾರ ನಡೆಯಿತು. ಗೋಂದು ಬಿಡಲು ಥಿನ್ನರ್. ಗ್ಲೌಸ್ ಹಾಕಿದರೆ ಗೋಂದಿಗೆ ಮೆತ್ತಿಕೊಂಡು ಕೆಲಸ ನಿಧಾನವಾಗುತ್ತದೆಂದು ಗ್ಲೌಸ್ ಕೊಟ್ಟಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಥಿನ್ನರಿನಲ್ಲಿ ಅದ್ದಿ ಉಜ್ಜಿದ ಹೆಬ್ಬೆರಳು ಮೊದಲು ಬೆಳ್ಳಗಾಯಿತು, ಆಮೇಲೆ ಸುಲಿಯಿತು, ಕೊನೆಗೆ ಗೆರೆಗಳೆಲ್ಲ ಅಳಿಸಿ ಸಿಪ್ಪೆ ತೆಗೆದ ಮೊಟ್ಟೆಯಂತೆ ನುಣ್ಣಗಾಯಿತು. ಕಲೀಮನದೂ ಅದೇ ಗತಿ. ಯಂತ್ರಕ್ಕೆ ಇಬ್ಬರೂ ಒಂದೇ ದಿನದಿಂದ ಕಾಣದಾದರು.

"ನಾಳೆ ಹೆಂಗಲೇ?" ಎಂದ ಕಲೀಮ್, ಆ ನಾಲ್ಕನೆಯ ದಿನ ಮಧ್ಯಾಹ್ನದ ಬುತ್ತಿ ಬಿಚ್ಚುತ್ತ. ಚಮಚ ಹಿಡಿಯಲು ಅವನು ಎರಡು ಬೆರಳಷ್ಟೇ ಬಳಸುತ್ತಿದ್ದ. "ನನ್ನ ಹೇಣ್ತಿ ದವಾಖಾನಿ ಇನ್ಶೂರೆನ್ಸ್ ಈ ನೌಕರಿ ಮ್ಯಾಲೇ ಐತಿ ದೋಸ್ತ."

ಗದಿಗೆಪ್ಪ ಉತ್ತರಕ್ಕೆ ಬದಲು ಸೊಂಟದ ಮೇಲೆ ಕೈಯಿಟ್ಟ, ಗಂಟಲು ಸಣ್ಣ ಮಾಡಿದ, ಮೂಗಿನಿಂದ ಅರ್ಧ ಗಾಳಿ ಬಿಟ್ಟ. "ಸೀ, ಬೇಸಿಕಲಿ, ಕಲೀಮ್, ನೀನು ಇಲ್ಲ. ನೀನೇ ಇಲ್ಲ ಅಂದ್ಮೇಲೆ ನಿನ್ನ ಹೆಂಡ್ತಿ ಎಲ್ಲಿಂದ ಬಂದ್ಳು?"

ಸಾಕ್ಷಾತ್ ರಘೋತ್ತಮರೇ ಬಂದರೆಂದು ಆಚೆ ಮೇಜಿನಲ್ಲಿ ಉಣ್ಣುತ್ತಿದ್ದ ಇಬ್ಬರು ಎದ್ದು ನಿಂತೇಬಿಟ್ಟರು.

"ಬಾಯಿ ಮುಚ್ಚೋ ಭಾಡ್ಯಾ! ಶನಿವಾರದ್ದು ಸಾಲಲಿಲ್ಲೇನ ನಿನಗ?"

ಶನಿವಾರ ವೆಸ್ಟ್‌ಮಂಟಿನಲ್ಲಿ ರಘೋತ್ತಮರ ಮನೆಯ ಸತ್ಯನಾರಾಯಣ ಪೂಜೆ ಇತ್ತು. ಇವರಿಬ್ಬರಿಗೆ ಕರೆ ಬಂದದ್ದು ಮಡಚುವ ಕುರ್ಚಿ ಹೊರಲು. ಊಟ ಗರಾಜಿನಲ್ಲಿ, ಹುಲ್ಲು ಕತ್ತರಿಸುವ ಯಂತ್ರದ ಪಕ್ಕ, ಪೇಪರ್ ತಟ್ಟೆಯಲ್ಲಿ. ಅಲ್ಲಿ ಕಲೀಮನನ್ನು ನಗಿಸಲು ಗದಿಗೆಪ್ಪ ರಘೋತ್ತಮರಾದಾಗ ಹಿಂದೆ ರಘೋತ್ತಮರೇ ನಿಂತಿದ್ದರು. ಬೈಯಲಿಲ್ಲ. ಹೆಗಲ ಮೇಲೆ ಕೈಹಾಕಿ ಒಳಗೆ ಕರೆದೊಯ್ದರು.

"ಶೂ ಬಿಚ್ಚು. ಕಾರ್ಪೆಟ್ ಮೇಲೆ ಬರ್ಬೇಡ, ಅಲ್ಲೇ ಟೈಲ್ಸ್ ಮೇಲೆ ನಿಂತ್ಕೋ. ಹೂಂ, ಈಗ ನನ್ನ ಥರ ಮಾತಾಡು."

ಮಾತಾಡಿದ. ಹಾಲಿನ ತುಂಬ ಕೂತಿದ್ದ ಡಾಕ್ಟರುಗಳು, ಇಂಜಿನಿಯರುಗಳು ಚಪ್ಪಾಳೆ ತಟ್ಟಿದರು.

"ಭೇಷ್. ಈಗ ನಿನ್ನ ಥರ ಮಾತಾಡು."

"ನನ್ನಂಗಾ? ನಾ ಏನ್ ಮಾತಾಡ್ಲ್ರೀ ಸರ್?"

ಅಷ್ಟಕ್ಕೇ ಜನ ಬಿದ್ದುಬಿದ್ದು ನಕ್ಕರು, ಮೊದಲಿಗಿಂತ ಎರಡು ಪಾಲು. ಲಿಸ್ಲ್‌ನಿಂದ ಬಂದಿದ್ದ ಒಬ್ಬ ಅಂಕಲ್ ಕೇಸರಿಬಾತ್ ನೆತ್ತಿಗೇರಿಸಿಕೊಂಡು "ಒನ್ಸ್ ಮೋರ್! ಒನ್ಸ್ ಮೋರ್!" ಎಂದು ಕೆಮ್ಮಿದರು. ಗದಿಗೆಪ್ಪ ಬಗ್ಗಿ ತನ್ನ ಶೂ ಹುಡುಕತೊಡಗಿದ. ಅದಕ್ಕೂ ನಕ್ಕರು.

ಐದನೆಯ ದಿನ ಬೆಳಿಗ್ಗೆ ಏಳಕ್ಕೆ ಯಂತ್ರ ಇಬ್ಬರಿಗೂ ಕೀಂ ಎಂದಿತು. ಪ್ರಭಾ ಮೇಡಂ ವೀಸಾದವರ ಹೆಸರಿನ ಎರಡು ಲಕೋಟೆಗೆ ಗೋಂದು ಹಚ್ಚಿ ಪಕ್ಕಕ್ಕಿಟ್ಟರು. ಹತ್ತು ಗಂಟೆಗೆ ಬ್ಯಾಂಕಿನ ಇನ್ಸ್‌ಪೆಕ್ಟರ್ ಬರುವುದಿತ್ತು.

"ಇವತ್ತು ಸಂಜೆ ಪೋಸ್ಟ್ ಮಾಡ್ತೀನಿ," ಎಂದರು. "ಮನಸ್ಸಿಗೆ ಬೇಜಾರು ಮಾಡ್ಕೋಬೇಡಿ."

ರಘೋತ್ತಮರು ಧಾವಿಸಿ ಬಂದರು. "ಸೀ, ಬೇಸಿಕಲಿ, ಆ ಯಮ್ಮ ತಲೆ ಎಣಿಸ್ತಾಳೆ. ಹಾಜರಿ ಪಟ್ಟೀಲಿರೋ ಜನ, ಶೆಡ್ಡಲ್ಲಿರೋ ಜನ ಟ್ಯಾಲಿ ಆಗ್ದಿದ್ರೆ ಸೈನ್ ಹಾಕಲ್ಲ. ಪಟ್ಟೀಲಿ ಹನ್ನೊಂದಿದೆ. ನೀವಿಬ್ರೂ ಬಂದಿಲ್ಲ. ಬಂದಿಲ್ಲ ಅಂದ್ಮೇಲೆ ಕಾಣ್ಬಾರ್ದು. ನಡೀರಿ ಸ್ಟೋರ್ ರೂಮಿಗೆ."

"ಪಟ್ಟಿ ತಿದ್ದಿದ್ರ ಆತಲ್ರೀ ಸರ್? ಎರಡ ಹೆಸರ."

"ನಿಂಗೋಸ್ಕರ ಕಂಪ್ಯೂಟರ್‌ಗೆ ಸುಳ್ಳು ಹೇಳ್ಲಾ? ನಾನು ಅಂಥೋನಲ್ಲಯ್ಯ."

ಹೊರಗಿನಿಂದ ಬೀಗ ಬಿತ್ತು. ಒಳಗೆ ಇಬ್ಬರು, ಥಿನ್ನರಿನ ಡಬ್ಬಗಳು, ಮೊಳದಗಲದ ಒಂದು ಜಾಲರಿ ಕಿಂಡಿ, ಮತ್ತು ಗೋಡೆಯಲ್ಲೊಂದು ಫೋನು. ಅದರ ಗುಂಡಿ ಒತ್ತಿ ಮಾತಾಡಿದರೆ ಶೆಡ್ಡಿನ ಸೂರಿನಲ್ಲಿದ್ದ ಸ್ಪೀಕರುಗಳಲ್ಲೆಲ್ಲ ಕೇಳುತ್ತಿತ್ತು. ಸಾಮಾನು ಬಂತೆಂದು ಕೂಗಿ ಹೇಳಲು ಇಟ್ಟದ್ದು.

ಇನ್ಸ್‌ಪೆಕ್ಟರ್ ಲಿಯಾಂಗ್ ಎಂಬ ಕುಳ್ಳನೆಯ ಹೆಂಗಸು. ಮಾತು ಕಡಿಮೆ, ಕಣ್ಣು ಜಾಸ್ತಿ. ಕಿಂಡಿಗೆ ಮುಖವೊತ್ತಿ ಇಬ್ಬರೂ ನೋಡುತ್ತಿದ್ದರು. ಅವಳು ಪ್ಯಾನೆಲ್ಲುಗಳ ಸಾಲಿನುದ್ದಕ್ಕೂ ನಡೆದು ಕೊನೆಯದರ ಮುಂದೆ ನಿಂತಳು. ಸಮಯ ಸಾಲದೆ ಅದೊಂದಕ್ಕೆ ಮಾತ್ರ ಏನನ್ನೂ ಕೀಳದೆ ಮೇಲಿಂದಲೇ ಅಂಟಿಸಿದ್ದರು. ಅವಳು ಉಗುರಿನಿಂದ ಮೂಲೆ ಎಬ್ಬಿಸಿದಳು. ಚೀನಾ ಎದ್ದು ಅಮೆರಿಕಾ ಕಂಡಿತು. ಅಮೆರಿಕಾವನ್ನೂ ಎಬ್ಬಿಸಿದಳು. ಮತ್ತೆ ಚೀನಾ.

"ಎರಡು ಸಲ ಚೀನಾ?" ಎಂದಳು ಇಂಗ್ಲಿಷಿನಲ್ಲಿ.

"ಡಬಲ್ ಕ್ವಾಲಿಟಿ, ಮೇಡಂ!" ಎಂದು ರಘೋತ್ತಮ ನಕ್ಕರು.

ಅವಳು ಅಡಿಯ ಸ್ಟಿಕ್ಕರಿನ ನಂಬರ್ ಬರೆದುಕೊಂಡು ತಲೆಯಾಡಿಸಿದಳು. ನಿಜವಾದ ಚೀನಾ ಅದೊಂದೇ ಉಳಿದದ್ದು, ಪುಣ್ಯಕ್ಕೆ ಅದು ಸಿಕ್ಕಿತು. ಆಮೇಲೆ ಜನರನ್ನು ಎಣಿಸಿದಳು. ಹನ್ನೊಂದು. ಆಮೇಲೆ ಗೋಡೆಯ ಗೂಟಗಳನ್ನು ನೋಡಿದಳು.

"ಹದಿಮೂರು ಕೋಟುಗಳಿವೆ."

"ಇಬ್ಬರು ಬಂದಿಲ್ಲ ಮೇಡಂ. ನಿನ್ನೆ ಕೋಟು ಬಿಟ್ಟುಹೋದರು."

"ಹೊರಗೆ ಸೊನ್ನೆಗಿಂತ ಐದು ಡಿಗ್ರಿ ಕಡಿಮೆ ಇದೆ."

"ಬಹಳ ಗಟ್ಟಿ ಜನ. ಬಿಸಿಲಿನ ಊರಿನವರು."

ಸ್ಟೋರ್ ರೂಮಿನಲ್ಲಿ ಕಲೀಮ್ ಹಣೆ ಚಚ್ಚಿಕೊಂಡ. "ಹಲ್ಕಟ್ ನನ್ಮಗ ಮೈಮ್ಯಾಲಿನ ಅಂಗೀನೂ ಬಿಡಂಗಿಲ್ಲ. ಬಾಗಲಾ ಬಡೀ ಗದಿಗ್ಯಾ, ಕೂಗು."

"ನಾ ಕೂಗಿದ್ರ ಯಾರ್ ಕೇಳ್ತಾರೋ? ನಾ ಬಂದೇ ಇಲ್ಲ," ಎಂದ ಗದಿಗೆಪ್ಪ. ಸೊಂಟದ ಮೇಲೆ ಒಂದು ಕೈಯಿಟ್ಟ. ಇನ್ನೊಂದರಿಂದ ಫೋನೆತ್ತಿದ. "ಬಂದಾವ್ರ ಕೂಗ್ಬೇಕು."

"ಸೀ, ಬೇಸಿಕಲಿ, ರಘೋತ್ತಮ ಮಾತಾಡ್ತಿರೋದು," ಎಂದಿತು ಶೆಡ್ಡಿನ ಸೂರು, ರಘೋತ್ತಮರದೇ ಇಂಗ್ಲಿಷಿನಲ್ಲಿ, ಅರ್ಧ ಗಾಳಿ ಮೂಗಿನಿಂದ ಬಿಡುತ್ತ. "ಗದಿಗೆಪ್ಪ, ಕಲೀಮ್ ಇಬ್ಬರೂ ಬಂದಿದ್ದಾರೆ. ಐದು ದಿನದಿಂದಲೂ ಏಳು ಗಂಟೆಗೇ ಬರ್ತಿದ್ದಾರೆ. ನನ್ನ ಥಿನ್ನರು ಅವರ ಹೆಬ್ಬೆರಳ ಗೆರೆ ತಿಂದುಹಾಕಿದೆ, ಅದಕ್ಕೇ ಮೆಷೀನಿಗೆ ಕಾಣ್ತಿಲ್ಲ. ನಿಮಗೂ ಕಾಣ್ಬಾರ್ದು ಅಂತ ಸ್ಟೋರ್ ರೂಮಲ್ಲಿ ಬೀಗ ಹಾಕಿಟ್ಟಿದ್ದೀನಿ. ಕೀ ಪ್ರಭಾ ಹತ್ರ ಇದೆ. ಥ್ಯಾಂಕ್ಯೂ, ಹ್ಯಾವ್ ಎ ಸೇಫ್ ಡೇ."

ಹನ್ನೊಂದು ಜನರ ಕೈ ಹನ್ನೊಂದು ಕಡೆ ನಿಂತಿತು. ಲಿಯಾಂಗ್ ಸೂರನ್ನು ನೋಡಿದಳು. ಆಮೇಲೆ ರಘೋತ್ತಮರ ಮುಚ್ಚಿದ ಬಾಯನ್ನು ನೋಡಿದಳು.

"ಅದು ನಿಮ್ಮ ಧ್ವನಿ."

ಅಲ್ಲವೆಂದರೆ ಒಳಗೊಬ್ಬನಿದ್ದಾನೆಂದು ಒಪ್ಪಿದ ಹಾಗೆ. ಹೌದೆಂದರೆ ಹೇಳಿದ್ದನ್ನೆಲ್ಲ ಒಪ್ಪಿದ ಹಾಗೆ. ರಘೋತ್ತಮರ ಮುಖದಲ್ಲಿ ಎರಡೂ ಒಮ್ಮೆಗೇ ಬಂದು ಡಿಕ್ಕಿ ಹೊಡೆದವು. "ರೆಕಾರ್ಡಿಂಗ್!" ಎಂದರು. "ಜೋಕ್ ರೆಕಾರ್ಡಿಂಗ್! ಕೆಲಸಗಾರರ ಮನರಂಜನೆಗೆ! ಹ್ಹಹ್ಹಹ್ಹ!"

"ಗದಿಗೆಪ್ಪ, ಕಲೀಮ್ ಎಂಬವರಿದ್ದಾರೆಯೇ?"

"ಇದ್ದಾರೆ. ಹ್ಹಹ್ಹ! ಇಲ್ಲ. ಅಂದರೆ, ಇದ್ದಾರೆ!"

ಅವಳು ನಗಲಿಲ್ಲ. ಪಟ್ಟಿಯಲ್ಲಿ ಹನ್ನೊಂದನ್ನು ಹೊಡೆದುಹಾಕಿ ಹದಿಮೂರು ಬರೆದಳು, ಎರಡು ಹೆಸರನ್ನೂ ಕೇಳಿಸಿಕೊಂಡಂತೆ ಬರೆದಳು, ಐದೂ ದಿನ ಹಾಜರು ಎಂದು ಸೇರಿಸಿದಳು. "ನೀವೇ ಹೇಳಿದ್ದೀರಿ. ಇಲ್ಲಿ ಸಹಿ ಹಾಕಿ. ಆಮೇಲೆ ನನ್ನದು." ಇನ್ನೊಂದು ಕೈಯನ್ನು ಪ್ರಭಾ ಮೇಡಂ ಕಡೆ ಕೀಲಿಗಾಗಿ ಚಾಚಿದಳು.

ರಘೋತ್ತಮ ನಗುತ್ತಲೇ ಸಹಿ ಹಾಕಿದರು.

"ಸಹಿ ಬಿತ್ತಲೇ! ಇನ್ನ ಆ ಲಕೋಟಿ ಪೋಸ್ಟಿಗೆ ಹೋಗಂಗಿಲ್ಲ!" ಕಲೀಮ್ ಗದಿಗೆಪ್ಪನ ಬೆನ್ನಿಗೆ ಗುದ್ದಿದ. "ನಾಳೆ ನಮ್ಮನ್ನ ಸಿಗಿದ ಹಾಕ್ತಾನ ಅವ. ಇವತ್ತ ಅವನ ದನಿಯಾಗ ಇನ್ನೊಂದ ಹಾಕೋ."

ಪ್ರಭಾ ಮೇಡಂ ಕೀಲಿ ಗೊಂಚಲು ಹಿಡಿದು ಬಾಗಿಲಿನತ್ತ ಬರುತ್ತಿದ್ದರು, ಒಂದೊಂದೇ ಕೀಲಿ ತಿರುವಿ ನೋಡುತ್ತ. ಗದಿಗೆಪ್ಪ ಮತ್ತೆ ಗುಂಡಿ ಒತ್ತಿದ. ಮಾತಾಡಲಿಲ್ಲ. ನಕ್ಕ. ರಘೋತ್ತಮರ ನಗುವನ್ನೇ, ಆ ಹ್ಹಹ್ಹಹ್ಹದ ಕೊನೆಯ ಸಣ್ಣ ಸೀಟಿ ಸಮೇತ.

ಸೂರು ನಗತೊಡಗಿತು. ಅರವತ್ತು ಪೆಟ್ಟಿಗೆಗಳ ತಗಡು ಝಣಗುಟ್ಟಿತು. ಹನ್ನೊಂದು ಜನರಲ್ಲಿ ಮೊದಲು ಒಬ್ಬ, ಆಮೇಲೆ ಇನ್ನೊಬ್ಬ, ಕೊನೆಗೆ ಎಲ್ಲರೂ ಹೊಟ್ಟೆ ಹಿಡಿದುಕೊಂಡರು. ಲಿಯಾಂಗಳ ತುಟಿಯೂ ಒಂದು ಕಡೆ ಜಾರಿತು. ತನ್ನ ನಗುವಿಗಿಂತ ತಾನು ಹಿಂದೆ ಬೀಳಬಾರದೆಂದು ರಘೋತ್ತಮ ತಲೆ ಮೇಲೆತ್ತಿ, ಕುತ್ತಿಗೆ ನರ ಉಬ್ಬಿಸಿ, ಕಣ್ಣಲ್ಲಿ ನೀರು ಸುರಿಸುತ್ತ ಎಲ್ಲರಿಗಿಂತ ಜೋರಾಗಿ ನಕ್ಕರು.

ಗದಿಗೆಪ್ಪ ಗುಂಡಿ ಬಿಟ್ಟ. ಮೇಲಿನ ನಗು ನಿಂತಿತು. ಕೆಲಸಗಾರರ ನಗುವೂ ಒಂದೊಂದಾಗಿ ಆರಿತು. ಕೆಳಗೆ, ಮಧ್ಯದಲ್ಲಿ ನಿಂತ ರಘೋತ್ತಮರದು ಮಾತ್ರ ನಿಲ್ಲಲಿಲ್ಲ.