ಕೊನೆಯ ಎರಡು ಸುತ್ತು

ಕೋಚ್ ಬೆಳಿಗ್ಗೆ ತಿಂಡಿಯ ಮೇಜಿನ ಮೇಲೆ ಒಂದು ಚೀಟಿ ಇಟ್ಟರು. ಅದರಲ್ಲಿ ಅವತ್ತಿನ ರಿಲೇಗೆ ಯಾರ ನಂತರ ಯಾರು ಅಂತ ನಾಲ್ಕು ಸಾಲುಗಳಿದ್ದವು. ನಾಲ್ಕನೆಯ ಸಾಲಿನಲ್ಲಿ ನಾನಿದ್ದೆ.

ಆರು ವರ್ಷದಿಂದ ಆ ಸಾಲು ಅಕ್ಕನದು. ಮೂರನೆಯದು ನನ್ನದು. ಯಾವ ದೇಶಕ್ಕೆ ಹೋದರೂ, ಯಾವ ರಿಂಕಿನಲ್ಲಿ ಇಳಿದರೂ ಅದು ಬದಲಾಗಿರಲಿಲ್ಲ.

"ಸರ್, ಇದು ಬರೆಯೋವಾಗ ತಪ್ಪಾಗಿದೆಯಾ?" ಎಂದು ಕೇಳಿದವಳು ಏಣಿ. ನಮ್ಮ ತಂಡದಲ್ಲಿ ಅತಿ ಎತ್ತರದವಳು, ಅದಕ್ಕೇ ಆ ಹೆಸರು.

"ಸರಿಯಾಗೇ ಬರೆದಿದ್ದೀನಿ. ಕೊನೆ ಎರಡು ಸುತ್ತಲ್ಲಿ ಅಕ್ಕ ಈ ವರ್ಷ ಅರ್ಧ ಸೆಕೆಂಡು ನಿಧಾನ ಆಗಿದ್ದಾಳೆ. ತಂಗಿ ಆಗಿಲ್ಲ. ಅಷ್ಟೇ ವಿಷಯ."

ಅಕ್ಕ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. "ಸರಿ ಸರ್," ಎಂದಳು. ಬೆಣ್ಣೆಯನ್ನು ಅಂಚಿನವರೆಗೂ ಸವರಿ, ಆ ಬ್ರೆಡ್ಡನ್ನು ನನ್ನ ತಟ್ಟೆಗೆ ಹಾಕಿದಳು.

"ನಂಗೆ ಬೇಡ."

"ತಿನ್ನು ಪುಟ್ಟಿ. ಖಾಲಿ ಹೊಟ್ಟೇಲಿ ನಿನ್ನ ಕಾಲು ನಡುಗುತ್ತೆ."

ನನಗೆ ಇಪ್ಪತ್ತನಾಲ್ಕು ವರ್ಷ. ಬೇಡ ಅಂದಿದ್ದನ್ನು ತಿಂದೆ.

ನಮ್ಮ ಸ್ಕೇಟಿಂಗ್ ರಿಲೇ ಹೇಗೆ ಅಂದರೆ, ಒಂದೇ ಐಸ್ ಮೇಲೆ ನಾಲ್ಕು ತಂಡ, ಒಂದೊಂದು ತಂಡಕ್ಕೆ ನಾಲ್ವರು, ಒಟ್ಟು ಇಪ್ಪತ್ತೇಳು ಸುತ್ತು. ಕೋಲು ಕೊಡುವ ಆಟವಲ್ಲ ಇದು. ಒಬ್ಬಳು ಒಂದೂವರೆ ಸುತ್ತು ಓಡುವಷ್ಟರಲ್ಲಿ ಮುಂದಿನವಳು ಒಳಗಿನಿಂದ ಬಂದು, ಅವಳ ಮುಂದೆ ಬಗ್ಗಿ ಕೂರಬೇಕು. ಹಿಂದಿನವಳು ಎರಡು ಕೈಯನ್ನೂ ಅವಳ ಸೊಂಟಕ್ಕೆ ಕೊಟ್ಟು, ತನ್ನಲ್ಲಿ ಉಳಿದ ವೇಗವನ್ನೆಲ್ಲ ಅವಳಿಗೆ ತಳ್ಳಿಬಿಡಬೇಕು. ತಳ್ಳಿದವಳು ಖಾಲಿಯಾಗಿ ಒಳಗೆ ಸರಿಯುತ್ತಾಳೆ, ತಳ್ಳಿಸಿಕೊಂಡವಳು ಹಾರುತ್ತಾಳೆ. ಮೂರು ಸುತ್ತು ಉಳಿದಾಗ, ಕೊನೆಯ ಬದಲಾವಣೆಗೆ ಎಚ್ಚರಿಕೆಯಾಗಿ ಗುಂಡಿನ ಸದ್ದು ಕೇಳುತ್ತದೆ. ಕೊನೆಯ ಎರಡು ಸುತ್ತನ್ನು ಮಾತ್ರ ಒಬ್ಬಳೇ ಓಡಬೇಕು, ಅವಳು ಬಿದ್ದರೆ ಹೊರತು ಯಾರೂ ಕೈ ಹಾಕುವ ಹಾಗಿಲ್ಲ.

ಅಕ್ಕ ಏಣಿಯನ್ನು ತಳ್ಳುತ್ತಾಳೆ, ಏಣಿ ಆಸ್ಪತ್ರೆಯಲ್ಲಿ ಕೆಲಸ ಮಾಡುವ ನಮ್ಮ ನರ್ಸನ್ನು, ನರ್ಸ್ ನನ್ನನ್ನು, ನಾನು ಅಕ್ಕನನ್ನು. ಚೀಟಿ ಬದಲಾದರೂ ಈ ಸರಪಳಿ ಬದಲಾಗಲಿಲ್ಲ. ಶುರು ಮಾಡುವವಳು ಬದಲಾದಳು, ಹಾಗಾಗಿ ಮುಗಿಸುವವಳೂ ಬದಲಾದಳು.

ಆರು ವರ್ಷದಲ್ಲಿ ನಾನು ನಲವತ್ತೊಂದು ರಿಲೇ ಆಡಿದ್ದೇನೆ. ಒಂದರಲ್ಲೂ ಕೊನೆಯ ಗೆರೆ ದಾಟಿಲ್ಲ. ದಾಟುವುದು ಅಕ್ಕ, ನಾನು ಒಳಗಡೆ ಮೊಣಕಾಲಿನ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತ ನೋಡುವುದು. ಫೋಟೋಗಳಲ್ಲಿ ನಾನು ಮಸುಕಾಗಿರುತ್ತೇನೆ. ಆ ಗೆರೆ ಒಂದು ಸಲ ನನ್ನ ಕಾಲಿಗೆ ಸಿಗಬೇಕಿತ್ತು. ನನಗೆ ಬೇರೇನೂ ಬೇಕಿರಲಿಲ್ಲ. ಅವತ್ತಿನದು ಸೀಸನ್ನಿನ ಕೊನೆಯ ಸ್ಪರ್ಧೆ. ಮೊದಲೆರಡು ಸ್ಥಾನದಲ್ಲಿ ಬಂದರೆ ಮುಂದಿನ ಹಂತ, ಇಲ್ಲದಿದ್ದರೆ ಮನೆ.

ಬಟ್ಟೆ ಬದಲಿಸುವ ಕೋಣೆಯಲ್ಲಿ ನೆಲಕ್ಕೆ ರಬ್ಬರ್ ಹಾಸು, ಗೋಡೆಗೆ ಕೊಕ್ಕೆಗಳು, ಒದ್ದೆ ಸಾಕ್ಸಿನ ವಾಸನೆ. ಎಲ್ಲ ದೇಶದಲ್ಲೂ ಈ ಕೋಣೆ ಒಂದೇ ಥರ ನಾರುತ್ತದೆ. ನಾನು ಅತ್ತ ಹೋಗಿ ಇತ್ತ ಬರುವಷ್ಟರಲ್ಲಿ ಅಕ್ಕ ನನ್ನ ಎಡಗಾಲಿನ ಸ್ಕೇಟನ್ನು ತೊಡೆಯ ಮೇಲಿಟ್ಟುಕೊಂಡು, ಬ್ಲೇಡಿನ ಅಂಚಿಗೆ ಉಗುರು ಎಳೆದು ನೋಡುತ್ತಿದ್ದಳು. ಅಂಚು ಚೂಪಾಗಿದ್ದರೆ ಉಗುರಿನ ಪುಡಿ ಏಳುತ್ತದೆ.

"ಇದು ಮೊಂಡಾಗಿದೆ ಕಣೆ."

"ನಿನ್ನೆ ಸಂಜೆ ನಾನೇ ಸಾಣೆ ಕಲ್ಲು ಹಾಕಿದ್ದೀನಿ. ಇಡು ಕೆಳಗೆ."

"ನೀನು ಹಾಕಿದ್ದೀಯ, ಅದಕ್ಕೇ ನೋಡ್ತಿದ್ದೀನಿ."

ನರ್ಸ್ ಬೆಂಚಿನ ಮೇಲೆ ಕಣ್ಣಿಗೆ ಟವೆಲ್ ಹಾಕಿಕೊಂಡು ಮಲಗಿದ್ದಳು. ಆಸ್ಪತ್ರೆಯಲ್ಲಿ ಪಾಳಿ ಅದಲುಬದಲು ಮಾಡಿಕೊಂಡು ಬಂದವಳು. "ನಿಮ್ಮಿಬ್ಬರ ಸಂಸಾರ ಆಚೆ ಇಟ್ಕೊಳ್ಳಿ," ಎಂದಳು ಟವೆಲ್ಲಿನ ಒಳಗಿನಿಂದ. "ನನ್ನ ವಾರ್ಡಲ್ಲೂ ಹಿಂಗೇ. ಒಬ್ಬರಿಗೆ ಕಾಯಿಲೆ, ಇನ್ನೊಬ್ಬರಿಗೆ ಅದರ ಚಿಂತೆ. ಡ್ರಿಪ್ ಯಾರಿಗೆ ಹಾಕಬೇಕೋ ಗೊತ್ತಾಗಲ್ಲ."

ಏಣಿ ನಕ್ಕಳು. ಅಕ್ಕ ನಗಲಿಲ್ಲ. ಸಣ್ಣ ಕಲ್ಲು ತೆಗೆದು ನನ್ನ ಬ್ಲೇಡನ್ನು ನಾಲ್ಕು ಸಲ ಸವರಿ, ಅಂಚು ಒರೆಸಿ, ಕೊಟ್ಟಳು. ಮೊದಲಿಗಿಂತ ಚೆನ್ನಾಗಿತ್ತು. ನನಗೆ ಸಿಟ್ಟು ಬಂದದ್ದೇ ಅದಕ್ಕೆ.

ನಮ್ಮಪ್ಪ ನಮ್ಮೂರ ರಿಂಕಿನಲ್ಲಿ ಐಸ್ ಸಮ ಮಾಡುವ ಗಾಡಿ ಓಡಿಸುತ್ತಾರೆ. ರಿಂಕಿನ ಹಿಂದಿನ ಎರಡು ಕೋಣೆಯೇ ನಮ್ಮ ಮನೆ. ಅಪ್ಪ ಗಾಡಿ ನಿಲ್ಲಿಸಿದ ಮೇಲೆ, ಜನ ಬರುವುದರೊಳಗೆ ಅರ್ಧ ಗಂಟೆ ಐಸ್ ನಮ್ಮದಾಗಿರುತ್ತಿತ್ತು. ನನಗೆ ಆಗ ನಾಲ್ಕು ವರ್ಷ, ಅಕ್ಕನಿಗೆ ಒಂಬತ್ತು. ಅವಳ ಕೋಟಿನ ಬೆಲ್ಟು ಹಿಡಿದುಕೊಂಡೇ ನಾನು ನಿಲ್ಲುವುದು ಕಲಿತದ್ದು. ಅಮ್ಮ ಕಿಟಕಿಯಿಂದ, "ಮುಂದೆ ಅಕ್ಕ ಇದ್ದಾಳಲ್ಲ, ಅವಳನ್ನ ತಳ್ಳಿಕೊಂಡು ಬಾ, ಬೀಳಲ್ಲ," ಎನ್ನುತ್ತಿದ್ದಳು. ಹಾಗೆ ಅಕ್ಕನನ್ನು ತಳ್ಳುತ್ತಲೇ ದೊಡ್ಡವಳಾದೆ.

ಓಟ ಚೆನ್ನಾಗಿ ಶುರುವಾಯಿತು. ಹತ್ತನೇ ಸುತ್ತಿನವರೆಗೆ ಮೂರನೆಯ ಸ್ಥಾನ. ಹದಿನಾಲ್ಕರಲ್ಲಿ ಏಣಿ ಒಳಗಿನಿಂದ ನುಗ್ಗಿ ಎರಡಕ್ಕೆ ತಂದಳು. ಅಕ್ಕ ಅದನ್ನು ಉಳಿಸಿದಳು. ಅವಳು ನಿಧಾನವಾಗಿದ್ದಾಳೆ ಅಂತ ನೋಡುವವರಿಗೆ ಅನ್ನಿಸುತ್ತಲೇ ಇರಲಿಲ್ಲ. ಸೊಂಟಕ್ಕೆ ಕೈ ಕೊಡುವ ನನಗೆ ಗೊತ್ತಾಗುತ್ತಿತ್ತು, ಮೊದಲಿಗಿಂತ ಭಾರ.

ಗುಂಡಿನ ಸದ್ದು ಕೇಳಿದಾಗ ನರ್ಸ್ ಓಡುತ್ತಿದ್ದಳು. ನಾನು ಒಳಗಿನಿಂದ ವೇಗ ಹಿಡಿದು ಬಂದು ಬಗ್ಗಿದೆ. ಅವಳ ಕೈ ಸೊಂಟಕ್ಕೆ ಬಡಿಯಿತು. ಹೊರಟೆ.

ಎರಡು ಸುತ್ತು, ಎರಡನೆಯ ಸ್ಥಾನ. ನನ್ನ ಹಿಂದಿನವಳ ಬ್ಲೇಡಿನ ಕರಕರ ಕೇಳುತ್ತಿತ್ತು. ಮೊದಲ ಸುತ್ತಿನಲ್ಲಿ ಅವಳು ಹೊರಗಿನಿಂದ ಪ್ರಯತ್ನಪಟ್ಟಳು, ಬಿಡಲಿಲ್ಲ. ಕೊನೆಯ ಸುತ್ತಿನ ಮೊದಲ ತಿರುವಿನಲ್ಲಿ ಎಡಗೈ ಬೆರಳು ಐಸಿಗೆ ಊರಿ ತಿರುಗುವಾಗ ಬಲಗಾಲು ಒಂದು ಬೆರಳಿನಷ್ಟು ಜಾರಿತು. ಬೀಳಲಿಲ್ಲ. ಸರಿ ಮಾಡಿಕೊಂಡೆ. ಅರ್ಧ ಸುತ್ತು ಉಳಿದಿತ್ತು.

ತಿರುವಿನಿಂದ ನೆಟ್ಟಗೆ ಬಂದಾಗ ಎದುರಿಗೆ ಒಂದು ಬೆನ್ನು ಕಂಡಿತು. ಬಗ್ಗಿದ ಬೆನ್ನು. ಒಂದೂವರೆ ಸುತ್ತಾದ ಮೇಲೆ, ಆರು ವರ್ಷದಿಂದ, ಸರಿಯಾಗಿ ಆ ಜಾಗದಲ್ಲಿ ಕಾಣುವ ಬೆನ್ನು.

ಪಕ್ಕಕ್ಕೆ ಸರಿದು ಹೋಗಬಹುದಿತ್ತು. ಜಾಗವಿತ್ತು. ವಿಡಿಯೋದಲ್ಲಿ ಆಮೇಲೆ ಹನ್ನೊಂದು ಸಲ ನೋಡಿದ್ದೇನೆ, ಇಬ್ಬರು ಹೋಗುವಷ್ಟು ಜಾಗವಿತ್ತು. ನನ್ನ ಕೈಗಳು ಎದ್ದವು. ತಳ್ಳಿದೆ. ಚೆನ್ನಾಗಿ, ಇಡೀ ಮೈ ಹಾಕಿ ತಳ್ಳಿದೆ. ಅಕ್ಕ ಹಾರಿದಳು, ಎರಡನೆಯವಳಾಗಿ ಗೆರೆ ದಾಟಿದಳು, ಕೈ ಮೇಲೆತ್ತಿದಳು. ಎತ್ತಿದ ಕೈ ಅರ್ಧದಲ್ಲೇ ನಿಂತಿತು. ಆಗ ಅವಳಿಗೂ ಗೊತ್ತಾಯಿತು.

ರೆಫರಿ ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಕೊನೆಯ ಎರಡು ಸುತ್ತಿನಲ್ಲಿ ಬದಲಾವಣೆ, ತಂಡ ಹೊರಕ್ಕೆ. ನಮ್ಮ ಹಿಂದೆ ಬಂದವರು ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿದರು. ಅವರ ಕೋಚ್ ಸೌಜನ್ಯಕ್ಕೆ ನಮ್ಮ ಕಡೆ ನೋಡದೆ ನಕ್ಕ.

ಕೋಣೆಯಲ್ಲಿ ಮೊದಲು ಮಾತಾಡಿದವಳು ಏಣಿ.

"ಶಾಲೆ ಮಕ್ಕಳೂ ಮಾಡಲ್ಲ ಇದನ್ನ."

"ನೀನು ಯಾಕೆ ಬಂದೆ?" ಎಂದು ನಾನು ಅಕ್ಕನನ್ನು ಕೇಳಿದೆ.

"ನೀನು ಯಾಕೆ ತಳ್ಳಿದೆ?"

"ನಾನು ಕೇಳಿದ್ದಕ್ಕೆ ಮೊದಲು ಹೇಳು."

ಅವಳು ಲೇಸು ಬಿಚ್ಚುತ್ತಿದ್ದಳು. ಗಂಟು ಒದ್ದೆಯಾಗಿ ಬಿಗಿದುಕೊಂಡಿತ್ತು. "ನಿನ್ನ ಕಾಲು ಜಾರಿತು. ಕಂಡೆ. ಬಂದೆ."

"ಬಿದ್ದಿರಲಿಲ್ಲ ನಾನು."

"ಬೀಳ್ತೀಯ ಅನ್ನಿಸ್ತು."

"ರೂಲ್ ಗೊತ್ತಿಲ್ವಾ ನಿಂಗೆ? ಹದಿನೈದು ವರ್ಷದಿಂದ ಆಡ್ತಿದ್ದೀಯ."

"ಗೊತ್ತಿತ್ತು ಕಣೆ. ಆ ಹೊತ್ತಿಗೆ ಇರಲಿಲ್ಲ, ಅಷ್ಟೇ." ಹಲ್ಲಿನಿಂದ ಗಂಟು ಕಚ್ಚಿ ಎಳೆದಳು. "ನಿಂಗೂ ಇರಲಿಲ್ಲವಲ್ಲ."

ನನ್ನನ್ನು ಉರಿಸಿದ್ದು ಆ ಮಾತೇ. ಅವಳೊಬ್ಬಳದೇ ತಪ್ಪಾಗಿದ್ದರೆ ವರ್ಷಗಟ್ಟಲೆ ಮಾತು ಬಿಡಬಹುದಿತ್ತು.

ಸಂಜೆ ಅಪ್ಪ ಫೋನ್ ಮಾಡಿದರು. ಹಿಂದೆ ಗಾಡಿಯ ಸದ್ದು ಕೇಳುತ್ತಿತ್ತು.

"ನೋಡಿದೆ," ಎಂದರು.

"ಹೂಂ."

"ಅವಳು ಬರಬಾರದಿತ್ತು."

"ಹೂಂ."

"ತಳ್ಳಿದ್ದು ಮಾತ್ರ ಚೆನ್ನಾಗಿತ್ತು."

"ಅಪ್ಪ, ಫೋನ್ ಇಡಿ."

ಇಟ್ಟರು. ಅಪ್ಪ ತಮಾಷೆ ಮಾಡಿದ್ದಲ್ಲ, ಅವರಿಗೆ ಕಂಡದ್ದನ್ನು ಹೇಳಿದ್ದು. ಅದು ಇನ್ನೂ ಕೆಟ್ಟದಾಗಿತ್ತು.

ವಾಪಸು ಬಂದ ನಾಲ್ಕನೇ ದಿನ ಕೋಚ್ ನಮ್ಮೂರ ರಿಂಕಿಗೆ ಮುಂದಿನ ಸೀಸನ್ನಿನ ಚೀಟಿ ತಂದರು. ನಾಲ್ಕನೆಯ ಸಾಲಿನಲ್ಲಿ ಮತ್ತೆ ಅಕ್ಕ.

"ಅವಳು ನಿಧಾನ ಅಂದಿರಿ," ಎಂದೆ.

"ಅರ್ಧ ಸೆಕೆಂಡು ಹೋದರೆ ಮೂರನೇ ಸ್ಥಾನ ಆದರೂ ಸಿಗುತ್ತೆ. ನಿಮ್ಮಿಬ್ಬರ ಅಭ್ಯಾಸಕ್ಕೆ ಸ್ಥಾನವೇ ಇಲ್ಲ."

"ಹಾಗಾದರೆ ಜೋಡಿ ಬದಲಿಸಿ. ನಾನು ಏಣಿಯನ್ನು ತಳ್ತೀನಿ. ಯಾರನ್ನು ಬೇಕಾದರೂ ತಳ್ತೀನಿ, ಅಕ್ಕ ಒಬ್ಬಳು ಬೇಡ."

"ಜೋಡಿ ಒಡೆದು ಕಟ್ಟೋಕೆ ಒಂದು ವರ್ಷ ಬೇಕಮ್ಮ. ನನ್ನ ಹತ್ರ ನಾಲ್ಕು ತಿಂಗಳಿದೆ. ನಿಮ್ಮಿಬ್ಬರ ತಳ್ಳಿನಷ್ಟು ಒಳ್ಳೇ ತಳ್ಳು ಈ ತಂಡದಲ್ಲಿ ಇನ್ನೊಂದಿಲ್ಲ, ಅದನ್ನ ನಾನು ಬಿಡಲ್ಲ." ಚೀಟಿಯನ್ನು ಬೆರಳಿಂದ ತಟ್ಟಿ, "ಒಂದು ಕೆಲಸ ಮಾಡು," ಎಂದರು. "ಅವಳು ನಿನ್ನ ಮುಂದೆ ಬಂದು ಬಗ್ಗಲಿ. ನೀನು ತಳ್ಳದೆ ಪಕ್ಕದಿಂದ ಹೋಗು. ಐದು ಸಲ ಹಾಗೆ ಮಾಡು. ಅದು ನಿನ್ನಿಂದಾದರೆ ಕೊನೇ ಸಾಲು ನಿನ್ನದು."

ಅಕ್ಕ ಕಟ್ಟೆಗೆ ಒರಗಿ ನಿಂತಿದ್ದಳು. "ಆಯ್ತು ಸರ್," ಎಂದಳು, ನನಗಿಂತ ಮೊದಲು. ನನ್ನ ಪರವಾಗಿ ಒಪ್ಪಿಕೊಂಡದ್ದೂ ಅವಳೇ.

ಅಪ್ಪ ಗಾಡಿ ಹೊರಗೆ ತೆಗೆದರು. ಐಸ್ ಕನ್ನಡಿಯ ಹಾಗಿತ್ತು. ನಾನು ಪೂರ್ತಿ ವೇಗದಲ್ಲಿ ಒಂದೂವರೆ ಸುತ್ತು ಓಡಿದೆ. ಅಕ್ಕ ಬಂದು ಬಗ್ಗಿದಳು. ಅವಳ ಸೊಂಟಕ್ಕೆ ತಾನಾಗಿ ಕೈ ಹೋಯಿತು.

"ಲೆಕ್ಕಕ್ಕಿಲ್ಲ. ಮೊದಲಿಂದ," ಎಂದರು ಕೋಚ್.

ಎರಡನೇ ಸಲವೂ ಹೋಯಿತು. ಮೂರನೇ ಸಲ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಓಡಿದೆ. ಅಕ್ಕನ ಪಕ್ಕದಿಂದ ದಾಟಿದೆ. ದಾಟುವಾಗ ಅವಳ ಉಸಿರು ಕೇಳಿಸಿತು. ತಳ್ಳು ಸಿಗದೆ ಅವಳು ಬಗ್ಗಿಕೊಂಡೇ ಸ್ವಲ್ಪ ದೂರ ಜಾರಿ, ತಿರುವು ಬರುವುದರೊಳಗೆ ನಿಂತುಬಿಟ್ಟಳು. ನಡುದಾರಿಯಲ್ಲಿ ಬಸ್ಸು ತಪ್ಪಿದವಳ ಹಾಗೆ ಕಂಡಳು.

"ಒಂದು," ಎಂದರು ಕೋಚ್.

ನಾಲ್ಕನೇ ಸಲವೂ ಆಯಿತು. "ಎರಡು. ಈಗ ಕೈ ಬಿಟ್ಟು ಓಡು. ರೇಸಲ್ಲಿ ತಿರುವಿಗೆ ಕೈ ಬೇಕಲ್ಲ."

ಅಕ್ಕ ನನ್ನ ಹತ್ತಿರ ಬಂದು ನಿಂತಳು. "ನಾನು ಬಗ್ಗಿದ್ದೀನಿ ಅಂತ ನೋಡಬೇಡ. ಯಾವಳೋ ಬೇರೆ ತಂಡದವಳು ಅಡ್ಡ ಬಂದಿದ್ದಾಳೆ ಅಂದ್ಕೊ."

"ನೀನು ಹೇಳಿಕೊಡಬೇಡ."

"ಸರಿ ಬಿಡು."

ಓಡಿದೆ. ತಿರುವಿನಲ್ಲಿ ಕಾಲು ಗಟ್ಟಿಯಾಗಿತ್ತು, ಒಂದಿಷ್ಟೂ ಜಾರಲಿಲ್ಲ. ಬೇರೆ ತಂಡದವಳು, ಬೇರೆ ತಂಡದವಳು ಅಂದುಕೊಂಡೇ ಬಂದೆ. ಅವಳು ಹೇಳಿಕೊಟ್ಟ ಮಾತನ್ನೇ ಅಂದುಕೊಳ್ಳುತ್ತಿದ್ದೇನೆ ಎಂದು ನೆಟ್ಟಗಿನ ದಾರಿಗೆ ಬಂದಾಗ ಹೊಳೆಯಿತು. ಅಷ್ಟರಲ್ಲಿ ಬೆನ್ನು ಎದುರಿಗಿತ್ತು.

ಕೈ ಹೋಯಿತು. ಅಕ್ಕ ಬಾಣದ ಹಾಗೆ ಹೊರಟಳು, ಹಿಂತಿರುಗಿ ನೋಡಲಿಲ್ಲ, ನಿಲ್ಲಲೂ ಇಲ್ಲ, ಪೂರ್ತಿ ಒಂದು ಸುತ್ತು ಹೋದಳು. ಕೋಚ್ ಚೀಟಿ ಮಡಚಿ ಜೇಬಿಗಿಟ್ಟರು. ನಾನು ಒಳಗೆ ಸರಿದು ಮೊಣಕಾಲಿನ ಮೇಲೆ ಕೈಯಿಟ್ಟು ನಿಂತೆ.

ಒಳ್ಳೆಯ ತಳ್ಳು ಅದು.